ಅಣ್ಣಾ ಬಿಡ್ರಿ, ನಂದು!

ವಾಲಿಬಾಲ್ ನೋಡಲು ನಿಂತವರು ಚಪ್ಪಾಳೆ ತಟ್ಟುವುದು ಸ್ಮ್ಯಾಶ್‌ಗೆ. ಆ ಚಪ್ಪಾಳೆಯಲ್ಲಿ ನನಗೂ ಸ್ವಲ್ಪ ಪಾಲು ಸಿಕ್ಕಿದೆ. ನನ್ನ ಎತ್ತರ ನೋಡಿ ಪಿ.ಟಿ. ಸರ್ ಹೋದ ವರ್ಷವೇ ನೆಟ್ ಹತ್ತಿರ ನಡುವಿನ ಜಾಗ ಕೊಟ್ಟಿದ್ದರು. ಆದರೆ ಒಂದು ಸ್ಮ್ಯಾಶ್ ಆಗಬೇಕಾದರೆ ಅದಕ್ಕೂ ಮೊದಲು ಎರಡು ಕೆಲಸ ಆಗಬೇಕು. ಎದುರಿನವರ ಸರ್ವ್ ಅನ್ನು ಒಬ್ಬ ತೋಳಿನಿಂದ ಎತ್ತಿಕೊಡಬೇಕು. ಲಿಫ್ಟರ್ ಅದನ್ನು ನೆಟ್ ಮೇಲೆ ಸರಿಯಾಗಿ ಇಡಬೇಕು. ಮೊದಲನೆಯ ಕೆಲಸ ಕೆಟ್ಟರೆ ಎರಡನೆಯದೂ ಇಲ್ಲ, ಮೂರನೆಯದೂ ಇಲ್ಲ. ಈ ವರ್ಷ ನಮ್ಮ ಕಾಲೇಜು ತಂಡದಲ್ಲಿ ಆ ಮೊದಲ ಕೆಲಸ ಮಾಡುತ್ತಿರುವ ಪ್ರಥಮ ಪಿಯುಸಿ ಹುಡುಗನ ಬಗ್ಗೆ ಬರೆಯುತ್ತಿದ್ದೇನೆ. "ಹೆಸರು ಬರೀಬ್ಯಾಡ್ರಿ ಅಣ್ಣಾ, ನಾಚಿಕಿ ಬರ್ತೈತಿ" ಎಂದು ಅವನು ಹೇಳಿದ್ದಾನೆ. ಮೈದಾನದಲ್ಲಿ ನಾವೆಲ್ಲ ಅವನನ್ನು ಕರೆಯುವುದು ಛೋಟೂ ಎಂದು. ಇಲ್ಲಿಯೂ ಹಾಗೆಯೇ ಇರಲಿ.

ಜೂನ್ ಕೊನೆಯ ವಾರ ಅಭ್ಯಾಸ ಶುರುವಾಯಿತು. ತಾಲೂಕು ಮಟ್ಟದ ಕ್ರೀಡಾಕೂಟಕ್ಕೆ ಇನ್ನೂ ಎರಡು ತಿಂಗಳಿತ್ತು. ತರಗತಿ ಮುಗಿದು, ಅಸರ್ ನಮಾಜ್ ಆದ ಮೇಲೆ ಮಗ್ರಿಬ್ ಅಜಾನ್ ಕೇಳುವವರೆಗೆ ನಮ್ಮ ಆಟ. ಮುಧೋಳದಿಂದ ನಾವು ಮೂವರು, ಬೀಳಗಿ ಕಡೆಯಿಂದ ಇಬ್ಬರು, ರಬಕವಿ-ಬನಹಟ್ಟಿಯಿಂದ ನಾಲ್ವರು, ಉಳಿದವರು ಜಮಖಂಡಿಯವರೇ. ಮಳೆ ಬಂದ ಮರುದಿನ ಎರಿ ಮಣ್ಣು ಕಾಲಿಗೆ ಮೆತ್ತಿಕೊಳ್ಳುತ್ತದೆ ಎಂದು ಅಂಕಣಕ್ಕೆ ನಾವೇ ಗರಸು ಹಾಕಿ ತುಳಿದಿದ್ದೆವು.

ಹೊಸಬರು ಬಂದರೆ ಹಳಬರು ಪರೀಕ್ಷೆ ಮಾಡುವುದು ಎಲ್ಲ ತಂಡಗಳಲ್ಲೂ ಇರುವುದೇ. ಛೋಟೂ ನನ್ನ ಭುಜದಷ್ಟು ಎತ್ತರ ಇದ್ದಾನೆ. ಮೊದಲ ದಿನ ಅವನನ್ನು ಹಿಂದಿನ ಸಾಲಿನಲ್ಲಿ ಒಬ್ಬನೇ ನಿಲ್ಲಿಸಿ ನಮ್ಮ ಕ್ಯಾಪ್ಟನ್ ಸರ್ವ್ ಹಾಕಿದ. ಅವನದು ತಿರುಗದೆ ಬರುವ ಸರ್ವ್. ಚೆಂಡು ತಿರುಗದಿದ್ದರೆ ಗಾಳಿಯಲ್ಲಿ ಅತ್ತಿತ್ತ ಓಲಾಡುತ್ತದೆ, ಎಲ್ಲಿ ಬೀಳುತ್ತದೆ ಎಂದು ಕೊನೆಯವರೆಗೂ ತಿಳಿಯುವುದಿಲ್ಲ. ಹೋದ ವರ್ಷ ಅದೇ ಸರ್ವ್‌ಗೆ ನಾವೆಲ್ಲ ಕೈ ಚಾಚಿ ನೆಲ ಮುಟ್ಟಿದ್ದೇವೆ. ಛೋಟೂ ಎರಡು ಹೆಜ್ಜೆ ಬಲಕ್ಕೆ ಸರಿದು, ಮೊಣಕಾಲು ಬಗ್ಗಿಸಿ, ತೋಳು ಜೋಡಿಸಿದ. ಚೆಂಡು ಲಿಫ್ಟರ್ ನಿಂತಲ್ಲಿಗೇ ಹೋಗಿ ಇಳಿಯಿತು. ಲಿಫ್ಟರ್ ಒಂದು ಹೆಜ್ಜೆಯನ್ನೂ ಇಡಬೇಕಾಗಲಿಲ್ಲ. ಕ್ಯಾಪ್ಟನ್ "ಮತ್ತೊಂದು" ಎಂದ. ಅದೂ ಅಲ್ಲಿಗೇ ಹೋಯಿತು. ಐದನೆಯದಕ್ಕೆ ನಗುತ್ತಿದ್ದವರೆಲ್ಲ ಸುಮ್ಮನಾದರು. ಎಂಟನೆಯದಕ್ಕೆ ಕ್ಯಾಪ್ಟನ್ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಅವನ ಹತ್ತಿರ ಹೋಗಿ, "ಎಲ್ಲಿ ಕಲತಿಯೋ ಇದನ್ನ?" ಎಂದು ಕೇಳಿದ. "ಓಣ್ಯಾಗ ರೀ ಅಣ್ಣಾ, ಗ್ವಾಡಿಗೆ ಹೊಡದು ಹೊಡದು" ಎಂದ ಛೋಟೂ.

ನಾನು ವಾಣಿಜ್ಯ ವಿಭಾಗದವನೆಂದು ಸರ್ ನನಗೆ ಒಂದು ನೋಟ್‌ಬುಕ್ ಕೊಟ್ಟು ಲೆಕ್ಕ ಬರೆಯಲು ಹಚ್ಚಿದ್ದಾರೆ. ಸರ್ವ್ ಎತ್ತಿಕೊಡುವುದಕ್ಕೆ ಅಂಕ ಹಾಕುವ ಒಂದು ಪದ್ಧತಿ ಇದೆ. ಚೆಂಡು ಲಿಫ್ಟರ್ ಕೈಗೇ ಹೋಗಿ, ಅವನು ಯಾವ ಸ್ಮ್ಯಾಶರ್‌ಗೆ ಬೇಕಾದರೂ ಕೊಡಬಹುದಾದರೆ 3. ಅವನು ಸ್ವಲ್ಪ ಓಡಬೇಕಾದರೆ 2. ಹೇಗೋ ಆಚೆ ದಾಟಿಸುವಂತಾದರೆ 1. ನೇರ ಪಾಯಿಂಟ್ ಹೋದರೆ 0. ಒಂದು ಸಂಜೆ 20 ಸರ್ವ್‌ಗಳಲ್ಲಿ ಛೋಟೂವಿನ ಮೊತ್ತ 47 ಆಯಿತು, ಸರಾಸರಿ 2.35. ನನ್ನದು 29, ಸರಾಸರಿ 1.45. ಲೆಕ್ಕ ಬರೆದವನು ನಾನೇ ಆದ್ದರಿಂದ ತಕರಾರು ಹೇಳಲು ಯಾರೂ ಇರಲಿಲ್ಲ.

ಲೆಕ್ಕಕ್ಕೆ ಸಿಗದ ಇನ್ನೊಂದು ಸಂಗತಿ ಅವನ ಕೂಗು. ನಮ್ಮ ತಂಡದ ಹಳೆಯ ರೋಗವೆಂದರೆ ಇಬ್ಬರ ನಡುವೆ ಚೆಂಡು ಬೀಳುವುದು. ಒಬ್ಬ "ಮೇರಾ" ಎನ್ನುತ್ತಾನೆ, ಇನ್ನೊಬ್ಬ "ನಂದು" ಎನ್ನುತ್ತಾನೆ, ಮತ್ತೊಬ್ಬ "ಮೈನ್" ಎನ್ನುತ್ತಾನೆ. ಮೂರು ಭಾಷೆಯಲ್ಲಿ ಹಕ್ಕು ಹೇಳಿಕೊಂಡ ಚೆಂಡು ನೆಲಕ್ಕೆ ಬಿದ್ದಿರುತ್ತದೆ. ಛೋಟೂ ಬಂದ ಮೇಲೆ ಒಂದೇ ಕೂಗು: "ಅಣ್ಣಾ ಬಿಡ್ರಿ, ನಂದು!" ಹಿರಿಯರಿಗೆ ಕೊಡಬೇಕಾದ ಮರ್ಯಾದೆಯೂ ಅದರಲ್ಲಿದೆ, ಆಜ್ಞೆಯೂ ಇದೆ. ಎರಡನೆಯ ವಾರದ ಹೊತ್ತಿಗೆ ದ್ವಿತೀಯ ವರ್ಷದವರೇ ಅವನನ್ನು "ನಾ ಎಲ್ಲಿ ನಿಂದರಲೋ?" ಎಂದು ಕೇಳತೊಡಗಿದ್ದರು.

ಸರ್ ಅವನನ್ನು ಲಿಬೆರೊ ಮಾಡಿದರು. ಈ ಪದ ಗೊತ್ತಿಲ್ಲದವರಿಗೆ ಹೇಳುತ್ತೇನೆ. ವಾಲಿಬಾಲ್ ಹುಟ್ಟಿದ್ದು 1895ರಲ್ಲಿ, ಅಮೆರಿಕದ ಹೋಲಿಯೋಕ್ ಎಂಬ ಊರಿನಲ್ಲಿ. ವಿಲಿಯಂ ಮಾರ್ಗನ್ ಎಂಬವರು ಅದನ್ನು ರೂಪಿಸಿದರು. ನೂರು ವರ್ಷ ಕಳೆಯುವ ಹೊತ್ತಿಗೆ ಅದು ಎತ್ತರದವರ ಆಟವಾಗಿಬಿಟ್ಟಿತ್ತು. ಹುಡುಗರ ನೆಟ್ಟಿನ ಎತ್ತರವೇ 2.43 ಮೀಟರ್, ಗಿಡ್ಡ ಇದ್ದವರು ಮಾಡುವುದೇನು? 1998ರಲ್ಲಿ ಅಂತರರಾಷ್ಟ್ರೀಯ ನಿಯಮಗಳಲ್ಲಿ ಲಿಬೆರೊ ಎಂಬ ಸ್ಥಾನ ಬಂತು. ಇಟಾಲಿಯನ್ ಭಾಷೆಯಲ್ಲಿ ಅದರ ಅರ್ಥ ಸ್ವತಂತ್ರ. ಆದರೆ ಅವನಿಗೆ ನಿರ್ಬಂಧಗಳೇ ಹೆಚ್ಚು. ಹಿಂದಿನ ಸಾಲಿನಲ್ಲಿ ಮಾತ್ರ ಆಡಬೇಕು, ಸರ್ವ್ ಮಾಡುವಂತಿಲ್ಲ, ಬ್ಲಾಕ್ ಮಾಡುವಂತಿಲ್ಲ, ನೆಟ್ಟಿಗಿಂತ ಮೇಲಿರುವ ಚೆಂಡನ್ನು ಹೊಡೆದು ಆಚೆ ಕಳಿಸುವಂತಿಲ್ಲ. ಸ್ವಾತಂತ್ರ್ಯ ಇರುವುದು ಒಂದರಲ್ಲಿ. ಅವನು ಒಳಗೆ ಬರುವುದು, ಹೊರಗೆ ಹೋಗುವುದು ಬದಲಿ ಆಟಗಾರರ ಲೆಕ್ಕಕ್ಕೆ ಬರುವುದಿಲ್ಲ. ದೂರದಿಂದಲೇ ಗುರುತು ಹಿಡಿಯಲು ಅವನ ಅಂಗಿಯ ಬಣ್ಣ ಉಳಿದವರಿಗಿಂತ ಬೇರೆ ಇರಬೇಕು. ನಮ್ಮ ಜರ್ಸಿ ಹಸಿರು. ಛೋಟೂ ಮನೆಯಿಂದ ಹಳದಿ ಟೀ-ಶರ್ಟ್ ತಂದ.

ಅವನು ಒಳಗೆ ಬರಬೇಕಾದರೆ ಯಾರಾದರೂ ಹೊರಗೆ ಹೋಗಬೇಕಲ್ಲ? ಸಾಮಾನ್ಯವಾಗಿ ಹೋಗುವವನು ನಡುವಿನ ಬ್ಲಾಕರ್. ಅಂದರೆ ನಾನು. ಮುಂದಿನ ಸಾಲಿನಲ್ಲಿದ್ದಾಗ ಆಡುತ್ತೇನೆ. ಹಿಂದಕ್ಕೆ ಹೋಗಿ ನನ್ನ ಸರ್ವ್ ಮುಗಿದು ಪಾಯಿಂಟ್ ಎದುರಿನವರ ಪಾಲಾದ ಕೂಡಲೇ ಗೆರೆಯ ಹತ್ತಿರ ಹೋಗುತ್ತೇನೆ, ಹಳದಿ ಅಂಗಿ ಒಳಗೆ ಬರುತ್ತದೆ. ಮನೆಯಲ್ಲಿ ಇದನ್ನು ಹೇಳಿದಾಗ ಭಾಯಿಜಾನ್ ನಕ್ಕು, "ಆಧಾ ಮ್ಯಾಚ್ ಬಾಹರಿಚ್ ಬೈಠ್ತಾ ಕ್ಯಾ ತೂ?" ಎಂದು ಕೇಳಿದರು. ಅರ್ಧ ಆಟ ಹೊರಗೇ ಕೂರುವವನು ಆಟಗಾರ ಹೇಗಾದಾನು ಎಂಬುದು ಅವರ ಪ್ರಶ್ನೆ. ಅಮ್ಮಿಗೆ ಬೇರೆಯದೇ ಚಿಂತೆ: "ಬಾರವೀಂ ಕಾ ಸಾಲ್ ಹೈ, ಬಾಲ್ ಕೇ ಪೀಛೇ ಕಬ್ ತಕ್ ಭಾಗ್ತಾ?"

ಭಾಯಿಜಾನ್‌ಗೆ ಉತ್ತರ ನನ್ನ ವ್ಯವಹಾರ ಅಧ್ಯಯನದ ಪುಸ್ತಕದಲ್ಲೇ ಇತ್ತು. ಹೆನ್ರಿ ಫೇಯೋಲ್ ಹೇಳಿದ ನಿರ್ವಹಣೆಯ 14 ತತ್ವಗಳಲ್ಲಿ ಮೊದಲನೆಯದು ಕೆಲಸದ ವಿಭಜನೆ. ವೈಯಕ್ತಿಕ ಹಿತಕ್ಕಿಂತ ಸಂಸ್ಥೆಯ ಹಿತ ದೊಡ್ಡದು ಎಂಬುದೂ ಅದೇ ಪಟ್ಟಿಯಲ್ಲಿದೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದಾಗ ಅದು ನಾಲ್ಕು ಅಂಕದ ಪ್ರಶ್ನೆ ಆಗಿತ್ತು. ಗೆರೆಯಾಚೆ ನಿಂತು 1.45ರ ಜಾಗದಲ್ಲಿ 2.35 ಆಡುವುದನ್ನು ನೋಡುವಾಗ ಅದರ ಅರ್ಥ ಮೈಗೆ ಹತ್ತಿತು. ಅವನು ಎತ್ತಿದ ಚೆಂಡಿನಿಂದ ನಾನು ಮುಂದಿನ ಸಾಲಿಗೆ ಬಂದಾಗ ಹೊಡೆಯುವ ಸ್ಮ್ಯಾಶ್‌ಗಳೂ ಹೆಚ್ಚಾದವು. ಹೊರಗೆ ಕುಳಿತದ್ದರಿಂದ ನನಗೆ ನಷ್ಟವೇನೂ ಆಗಲಿಲ್ಲ.

ದೊಡ್ಡ ಮಟ್ಟದಲ್ಲೂ ಇದು ಹೀಗೆಯೇ. 2023ರ ಸೆಪ್ಟೆಂಬರ್ 20ರಂದು ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಪುರುಷರ ತಂಡ ದಕ್ಷಿಣ ಕೊರಿಯಾವನ್ನು 3-2 ಸೆಟ್‌ಗಳಿಂದ ಸೋಲಿಸಿತು. ಐದನೆಯ ಸೆಟ್ 17-15. ಆ ತಂಡದ ಲಿಬೆರೊ ಹರಿಪ್ರಸಾದ್ ಬೇವಿನಕುಪ್ಪೆ ಸುರೇಶ, ನಮ್ಮ ಕರ್ನಾಟಕದವರು. ಮರುದಿನ ಎಲ್ಲರ ಬಾಯಲ್ಲೂ ಸ್ಮ್ಯಾಶರ್‌ಗಳ ಹೆಸರೇ ಇತ್ತು. ಸರ್ ಆ ಪಂದ್ಯದ ತುಣುಕುಗಳನ್ನು ಮೊಬೈಲಿನಲ್ಲಿ ನಮಗೆ ತೋರಿಸಿದಾಗ, "ಚೆಂಡನ್ನ ನೋಡಬ್ಯಾಡ್ರಿ, ಲಿಬೆರೊನ ಕಾಲು ನೋಡ್ರಿ" ಎಂದರು. ಛೋಟೂ ಅದನ್ನು ನಾಲ್ಕು ಸಲ ಹಿಂದಕ್ಕೆ ಓಡಿಸಿ ನೋಡಿದ.

ಜುಲೈ ನಡುವಿನಲ್ಲಿ ಛೋಟೂ ಅಭ್ಯಾಸಕ್ಕೆ ಬರುವುದು ನಿಂತಿತು. ತರಗತಿಗೆ ಬರುತ್ತಿದ್ದ, ಗಂಟೆ ಹೊಡೆದ ಕೂಡಲೇ ಬನಹಟ್ಟಿ ಬಸ್ ಹಿಡಿಯುತ್ತಿದ್ದ. ಕೇಳಿದರೆ "ಮನ್ಯಾಗ ಕೆಲಸ ಐತ್ರಿ" ಎಂದಷ್ಟೇ. ಆ ವಾರ ಹಳೆಯ ವಿದ್ಯಾರ್ಥಿಗಳ ಜೊತೆ ಆಡಿದ ಪಂದ್ಯದಲ್ಲಿ ಸರ್ವ್ ಎತ್ತಲಾಗದೆ ಸೋತೆವು. ಭಾನುವಾರ ಸರ್, ಕ್ಯಾಪ್ಟನ್, ನಾನು ಬನಹಟ್ಟಿಗೆ ಹೋದೆವು.

ಅವನ ಓಣಿಯಲ್ಲಿ ಪ್ರತಿ ಮನೆಯಿಂದಲೂ ಮಗ್ಗದ ಸಪ್ಪಳ. ಒಳಗೆ ಎರಡು ವಿದ್ಯುತ್ ಮಗ್ಗ, ಮಾತಾಡಬೇಕಾದರೆ ಕೂಗಬೇಕು. ಅವನ ದೊಡ್ಡ ದನಿ ಎಲ್ಲಿಂದ ಬಂತೆಂದು ಅಲ್ಲಿ ನಿಂತಾಗ ತಿಳಿಯಿತು. ಛೋಟೂ ಒಂದು ಮಗ್ಗದ ಮುಂದೆ ನಿಂತಿದ್ದ. ಹಾಸಿನಲ್ಲಿ ಒಂದು ಎಳೆ ಹರಿದರೆ ತಕ್ಷಣ ಕಾಣಬೇಕು, ಮಗ್ಗ ನಿಲ್ಲಿಸಿ ಗಂಟು ಹಾಕಬೇಕು. ಇಲ್ಲದಿದ್ದರೆ ಸೀರೆಯಲ್ಲಿ ದೋಷ ಉಳಿಯುತ್ತದೆ, ಮಜೂರಿ ಮುರಿಯುತ್ತದೆ. ಲಾಳಿ ಓಡುವುದನ್ನು ನೋಡುತ್ತ ನಿಂತರೆ ಎಳೆ ಕಾಣುವುದಿಲ್ಲವಂತೆ. ಸರ್ವ್ ಹಾಕುವವನ ಕೈಯಲ್ಲಿನ ಚೆಂಡನ್ನು ಬಿಟ್ಟು ಅವನು ಭುಜವನ್ನು ನೋಡುತ್ತಾನಲ್ಲ, ಆ ಕಣ್ಣು ಇಲ್ಲಿಯದು.

ಅವನ ತಂದೆ ಮಗ್ಗ ನಿಲ್ಲಿಸಿ ನಮ್ಮನ್ನು ಕೂರಿಸಿದರು. ತಾಯಿ ಚಹಾ ತಂದರು. ಜೂನ್‌ನಲ್ಲಿ ಮಾಲೀಕರಿಂದ ಹೊಸ ಬೀಮು ಬಂದಿರಲಿಲ್ಲ, ಮಗ್ಗ ಖಾಲಿ ಇದ್ದವು, ಮಗ ಆಡಲು ಬಂದ. ಈಗ ಬೀಮು ಬಂದಿದೆ. "ಆಡಬ್ಯಾಡ ಅನ್ನಾಂಗಿಲ್ರಿ ಸರ" ಎಂದರು ಅವರು. "ಸಂಜೀಕ ಒಂದ್ ಮಗ್ಗ ನಿಂತ್ರ ವಾರದ ಮಜೂರ್ಯಾಗ ಕಾಣಸ್ತೈತ್ರಿ. ಮುಂಜಾನಿ ಆದ್ರ ನಾ ನೋಡ್ಕೋತೇನಿ."

ಅರ್ಥಶಾಸ್ತ್ರದಲ್ಲಿ ಅವಕಾಶ ವೆಚ್ಚ ಎಂದು ಓದುತ್ತೇವೆ. ಒಂದನ್ನು ಆರಿಸಿಕೊಂಡಾಗ ಬಿಟ್ಟುಕೊಡಬೇಕಾದ ಇನ್ನೊಂದರ ಬೆಲೆ ಅದು. ನಮ್ಮ ಒಂದೂವರೆ ಗಂಟೆಯ ಆಟಕ್ಕೆ ನಾವು ಕೊಡುತ್ತಿದ್ದದ್ದು ಬೆವರು ಮಾತ್ರ. ಛೋಟೂ ಕೊಡುತ್ತಿದ್ದದ್ದು ಮನೆಯ ಕೂಲಿ. ತಂಡ ಎಂದರೆ ಆ ಬೆಲೆಯನ್ನು ಒಬ್ಬನ ತಲೆಯ ಮೇಲೇ ಬಿಡಬಾರದಲ್ಲ?

ಬರುವಾಗ ಬಸ್ಸಿನಲ್ಲೇ ಮಾತಾಯಿತು. ಸೋಮವಾರ ಎಲ್ಲರೂ ಕೂತು, ವಾರದಲ್ಲಿ ಮೂರು ದಿನ ಬೆಳಗಿನ ಅಭ್ಯಾಸ ಎಂದು ತೀರ್ಮಾನಿಸಿದೆವು. ಬೀಳಗಿ ಕಡೆಯ ಇಬ್ಬರಿಗೆ ಅಷ್ಟು ಬೇಗ ಬಂದು ಮುಟ್ಟುವುದು ಕಷ್ಟ. ಆ ಮೂರು ರಾತ್ರಿ ಅವರು ಜಮಖಂಡಿಯಲ್ಲಿ ಕ್ಯಾಪ್ಟನ್ ಮನೆಯಲ್ಲೇ ಉಳಿಯುತ್ತಾರೆ. ಲೆಕ್ಕಶಾಸ್ತ್ರದ ನನ್ನ ಬೆಳಗಿನ ಟ್ಯೂಷನ್ ಅನ್ನು ಸಂಜೆಗೆ ಬದಲಿಸಿಕೊಂಡೆ. ಅಬ್ಬಾ ಮೊದಲು ಸುಮ್ಮನಿದ್ದರು. ಮಗ್ಗದ ವಿಷಯ ಹೇಳಿದ ಮೇಲೆ, "ಜಾ, ಲೇಕಿನ್ ನಂಬರ್ ಕಮ್ ನಹೀಂ ಆನಾ" ಎಂದರು. ಫಜರ್ ನಮಾಜ್‌ಗೆ ಮನೆಯಲ್ಲಿ ಹೇಗೂ ಎಲ್ಲರೂ ಏಳುತ್ತಾರೆ. ಅಮ್ಮಿ ಈಗ ಎರಡು ರೊಟ್ಟಿ ಹೆಚ್ಚಿಗೆ ಕಟ್ಟುತ್ತಾರೆ, "ವೋ ಛೋಟೂ ಕೋ ಭೀ ದೇ" ಎಂದು.

ಬೆಳಿಗ್ಗೆ ಆಡುವುದರಿಂದ ಒಂದು ತೊಂದರೆ ಇದೆ, ಎದುರು ಸೂರ್ಯ. ಪೂರ್ವದ ಕಡೆ ಮುಖ ಮಾಡಿ ಸರ್ವ್ ಎತ್ತುವವನಿಗೆ ಚೆಂಡು ಕಾಣುವುದೇ ಕಷ್ಟ. ಛೋಟೂ ಆ ಬದಿಯನ್ನೇ ಕೇಳಿ ತೆಗೆದುಕೊಳ್ಳುತ್ತಾನೆ. "ಮ್ಯಾಚಿನ್ಯಾಗ ಯಾ ಕಡೆ ಕೊಡ್ತಾರೋ ಯಾರಿಗ್ಗೊತ್ರಿ" ಎನ್ನುತ್ತಾನೆ.

ತಾಲೂಕು ಮಟ್ಟದ ಪಂದ್ಯಗಳು ಮುಂದಿನ ತಿಂಗಳು. ನಾವು ಗೆಲ್ಲುತ್ತೇವೆ ಎಂದು ಬರೆದು ಕೊಡಲಾರೆ, ಎದುರಿನ ತಂಡಗಳೂ ಈಗ ಬೆವರು ಸುರಿಸುತ್ತಿರಬಹುದು. ಗೆಳೆಯರೆಲ್ಲ ನೋಡಲು ಬನ್ನಿ, ಉಪನ್ಯಾಸಕರೂ ದಯವಿಟ್ಟು ಬನ್ನಿ. ಹಸಿರು ಅಂಗಿಗಳ ನಡುವೆ ಒಂದು ಹಳದಿ ಅಂಗಿ ಕಾಣುತ್ತದೆ. ಸ್ಮ್ಯಾಶ್ ಆಗುವವರೆಗೆ ಕಾಯದೆ, ಅವನ ತೋಳಿನಿಂದ ಚೆಂಡು ಎದ್ದಾಗಲೇ ಒಂದು ಚಪ್ಪಾಳೆ ಹೊಡೆಯಿರಿ. ಆ ದಿನ ಅವನ ತಂದೆಯೂ ಬರುತ್ತಾರಂತೆ, ಎರಡೂ ಮಗ್ಗ ನಿಲ್ಲಿಸಿ.