ಒತ್ತಕ್ಷರ ಕಾಣುವ ಪರದೆ

ಈಗಿನ ಕಾಲದಲ್ಲಿ ಮನೆಗೆ ಡೆಸ್ಕ್‌ಟಾಪ್ ಕೊಳ್ಳುತ್ತೇನೆ ಎಂದರೆ ಜನ ಒಮ್ಮೆ ಮುಖ ನೋಡುತ್ತಾರೆ. ‘ಲ್ಯಾಪ್‌ಟಾಪ್ ತಾನೇ?’ ಎಂದು ಕೇಳಿ, ಅಲ್ಲವೆಂದು ಖಾತ್ರಿಯಾದ ಮೇಲೆ ‘ಅದಿನ್ನೂ ಸಿಗುತ್ತಾ?’ ಎನ್ನುತ್ತಾರೆ. ಸಿಗುತ್ತದೆ. ನಮ್ಮಂಥ ಮನೆಗೆ ಬೇಕಾದದ್ದೂ ಅದೇ ಎಂಬುದು ನನ್ನ ವಾದ. ಲ್ಯಾಪ್‌ಟಾಪ್ ಯಾವತ್ತಿದ್ದರೂ ಒಬ್ಬರ ಸ್ವತ್ತು. ಅವರ ಜೊತೆ ಹಾಸಿಗೆಗೆ ಬರುತ್ತದೆ, ಆಫೀಸಿಗೆ ಹೋಗುತ್ತದೆ, ಮದುವೆಮನೆಯ ಮಹಡಿಯಲ್ಲೂ ತೆರೆದುಕೊಂಡು ಕೂರುತ್ತದೆ. ಡೆಸ್ಕ್‌ಟಾಪ್ ಇದ್ದಲ್ಲೇ ಇರುತ್ತದೆ. ಮಗಳು ಎದ್ದರೆ ಅಜ್ಜ ಕೂರುತ್ತಾರೆ, ಅಜ್ಜ ಎದ್ದರೆ ಬೆಸ್ಕಾಂ ಬಿಲ್ಲು ಕಟ್ಟಲು ನಾನು. ಮಡಚಿ ಬ್ಯಾಗಿಗೆ ಹಾಕಿಕೊಳ್ಳಲು ಬಾರದ ಕಾರಣಕ್ಕೇ ಅದು ಮನೆಯವರೆಲ್ಲರದಾಗಿ ಉಳಿದಿದೆ.

ನಮ್ಮ ಹಳೆಯ ಯಂತ್ರ ಕೆಟ್ಟಿರಲಿಲ್ಲ. ಆದರೆ ವಿಂಡೋಸ್ 10ಕ್ಕೆ ಸಿಗುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಪ್ರೊಸೆಸರ್ ಇಂಟೆಲ್‌ನದಾದರೆ ಎಂಟನೆಯ ಪೀಳಿಗೆಯದಾದರೂ ಆಗಿರಬೇಕು. ಡೆಸ್ಕ್‌ಟಾಪುಗಳಿಗೆ ಆ ಪೀಳಿಗೆ ಬಂದದ್ದು 2017ರ ಕೊನೆಯಲ್ಲಿ. ನಮ್ಮದು ನಾಲ್ಕನೆಯ ಪೀಳಿಗೆ. ಅದಕ್ಕೆ ಲಿನಕ್ಸ್ ಮಿಂಟ್ ಹಾಕಿದ್ದಾಯಿತು. ಈಗ ತಂಗಿಯ ಮನೆಯಲ್ಲಿ ಮಕ್ಕಳ ಕೈಗೆ ಸಿಕ್ಕಿ ಏದುಸಿರಿಲ್ಲದೆ ಓಡುತ್ತಿದೆ.

ಹೊಸದು ಕೊಳ್ಳುವ ಸುದ್ದಿ ಹೊರಬಿದ್ದದ್ದೇ ತಡ, ಅಕ್ಕನ ಮಗ ಪ್ರತ್ಯಕ್ಷನಾದ. ಹಿಂದೆ ಪ್ರತಿ ಮನೆತನದಲ್ಲೂ ಜಾತಕ ಕೂಡಿಸಲು ಬಲ್ಲ ಒಬ್ಬರು ಇರುತ್ತಿದ್ದರಲ್ಲ, ಈಗ ಆ ಜಾಗದಲ್ಲಿ ಕಂಪ್ಯೂಟರ್ ಬಲ್ಲ ಹುಡುಗನೊಬ್ಬ ಇರುತ್ತಾನೆ. ಕೆಲಸವೂ ಹೆಚ್ಚುಕಡಿಮೆ ಅದೇ: ಈ ಪ್ರೊಸೆಸರಿಗೆ ಆ ಮದರ್‌ಬೋರ್ಡ್ ಕೂಡಿಬರುವುದಿಲ್ಲ, ಆ ಬೋರ್ಡಿಗೆ ಡಿಡಿಆರ್4 ಆಗದು, ಡಿಡಿಆರ್5 ಆಗಬೇಕು, ಈ ಸಾಕೆಟ್ಟಿನ ಆಯುಷ್ಯ ಇಷ್ಟೇ. ಅವನು ಬರೆದುಕೊಟ್ಟ ಪಟ್ಟಿಯಲ್ಲಿ ಐ7 ಇತ್ತು, ಗ್ರಾಫಿಕ್ಸ್ ಕಾರ್ಡ್ ಇತ್ತು, ಪಕ್ಕದಲ್ಲಿ ಗಾಜು ಹಾಕಿದ ಕ್ಯಾಬಿನೆಟ್ ಇತ್ತು, ಒಳಗೆ ಬಣ್ಣ ಬದಲಿಸುತ್ತ ತಿರುಗುವ ಮೂರು ಫ್ಯಾನುಗಳಿದ್ದವು. ಗಣಪತಿ ಪೆಂಡಾಲಿಗೆ ಬೇಕಾದ ಸಕಲವೂ ಇತ್ತು. ಈ ಯಂತ್ರದಲ್ಲಿ ಮನೆಯವರು ಮಾಡುವುದಾದರೂ ಏನು ಎಂಬ ಪ್ರಶ್ನೆ ಮಾತ್ರ ಪಟ್ಟಿಯ ಯಾವ ಮೂಲೆಯಲ್ಲೂ ಕಾಣಲಿಲ್ಲ.

ನಾವು ಮಾಡುವುದು ಇಷ್ಟು: ಬಿಲ್ಲು, ಬ್ಯಾಂಕು, ಶಾಲೆಯ ಪ್ರಾಜೆಕ್ಟು, ನ್ಯೂಜೆರ್ಸಿಯಲ್ಲಿರುವ ತಮ್ಮನ ಜೊತೆ ಭಾನುವಾರದ ವೀಡಿಯೋ ಕರೆ, ಯಕ್ಷಗಾನದ ಯೂಟ್ಯೂಬು, ನನ್ನ ಬರಹ, ಅಪ್ಪನ ವಂಶವೃಕ್ಷ. ಇದಕ್ಕೆ ನಾಲ್ಕು ಕೋರಿನ ಐ3 ಧಾರಾಳ. 2022ರಲ್ಲಿ ಬಂದ ಐ3-12100 ಇವತ್ತಿಗೂ ಇಂಥ ಮನೆಯನ್ನು ಬೆವರದೆ ನಿಭಾಯಿಸಬಲ್ಲದು. ಒಂದು ಅಕ್ಷರದ ಬಗ್ಗೆ ಮಾತ್ರ ಎಚ್ಚರ ಬೇಕು. ಅದೇ ಹೆಸರಿನ ಕೊನೆಗೆ ‘ಎಫ್’ ಅಂಟಿಕೊಂಡ ಇನ್ನೊಂದಿದೆ. ಬೆಲೆ ತುಸು ಕಡಿಮೆ ಎಂದು ತಂದರೆ ಅದರಲ್ಲಿ ಚಿತ್ರ ಮೂಡಿಸುವ ಭಾಗವೇ ಇರುವುದಿಲ್ಲ; ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಹಾಕುವ ತನಕ ಪರದೆ ಕಪ್ಪು. ಎಎಂಡಿಯ ರೈಜೆನ್‌ನಲ್ಲಿ ಲೆಕ್ಕ ತಿರುಗುಮುರುಗು: 5600ಕ್ಕೆ ಚಿತ್ರವಿಲ್ಲ, ಕೊನೆಗೆ ‘ಜಿ’ ಇರುವ 5600ಜಿಗೆ ಇದೆ.

ನಮ್ಮೂರಿನಲ್ಲಿ ಇಂಥ ಖರೀದಿಯ ಕ್ಷೇತ್ರ ಎಸ್.ಪಿ. ರೋಡ್. ಪುರಭವನದಿಂದ ನಡೆದುಹೋಗುವಷ್ಟು ದೂರ, ಭಾನುವಾರ ಬಹುತೇಕ ಬಾಗಿಲು. ಇಬ್ಬರು ಎದುರುಬದುರಾದರೆ ಒಬ್ಬರು ಉಸಿರು ಒಳಗೆಳೆದುಕೊಳ್ಳಬೇಕಾದ ಮೆಟ್ಟಿಲು, ಮೇಲೆ ಗೋಡೆ ಕಾಣದಂತೆ ಪೇರಿಸಿದ ಡಬ್ಬಗಳು, ಅವುಗಳ ನಡುವೆ ಕ್ಯಾಲ್ಕುಲೇಟರ್ ಹಿಡಿದ ಮಾಲೀಕರು. ಅಲ್ಲಿ ಈ ಸಲ ಕೇಳಿದ ಮೊದಲ ಮಾತು ‘ಈ ರೇಟು ಇವತ್ತಿಗೆ ಮಾತ್ರ ಸಾರ್’. ರ‍್ಯಾಮಿನ ಬೆಲೆ 2025ರ ಕೊನೆಯ ತಿಂಗಳುಗಳಲ್ಲಿ ಏರತೊಡಗಿ ನಿಲ್ಲಲೇ ಇಲ್ಲ. ಕೃತಕ ಬುದ್ಧಿಮತ್ತೆಯ ಸರ್ವರುಗಳಿಗೆ ಬೇಕಾದ ಮೆಮೊರಿಯಲ್ಲಿ ಲಾಭ ಹೆಚ್ಚು, ತಯಾರಕರು ಅತ್ತ ತಿರುಗಿದರು. ಆ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ ಮನೆಬಳಕೆಯವರಿಗೆ ಮಾರುತ್ತಿದ್ದ ತನ್ನ ‘ಕ್ರೂಶಿಯಲ್’ ವಹಿವಾಟನ್ನೇ ಮುಚ್ಚುವುದಾಗಿ ಘೋಷಿಸಿತು. ಎಲ್ಲೋ ಯಾರೋ ಚಾಟ್‌ಬಾಟ್ ಜೊತೆ ಹರಟುತ್ತಿರುವುದಕ್ಕೂ ನಮ್ಮಪ್ಪನ ವಂಶವೃಕ್ಷ ತುಟ್ಟಿಯಾಗುವುದಕ್ಕೂ ಹೀಗೊಂದು ನಂಟು.

ಬೇರೆ ದಾರಿಗಳಿಲ್ಲವೆಂದಲ್ಲ. ಕಂಪನಿಗಳು ಗುತ್ತಿಗೆ ಅವಧಿ ಮುಗಿದ ಮೇಲೆ ಕಳಿಸುವ ಆಪ್ಟಿಪ್ಲೆಕ್ಸ್, ಥಿಂಕ್‌ಸೆಂಟರ್‌ಗಳು ಒರೆಸಿ ಮಿರುಗಿಸಿಕೊಂಡು ಅದೇ ರಸ್ತೆಯಲ್ಲಿ ಕೂತಿರುತ್ತವೆ. ಎಂಟನೆಯ ಪೀಳಿಗೆಯೋ ಆಮೇಲಿನದೋ ಎಂದು ನೋಡಿಕೊಂಡರೆ ಬಡವನ ಮನೆಗೆ ಅದಕ್ಕಿಂತ ಒಳ್ಳೆಯ ಯಂತ್ರವಿಲ್ಲ. ಮ್ಯಾಕ್ ಮಿನಿಯೂ ಇದೆ, 2024ರ ಎಂ4 ಮಾದರಿ ಅಂಗೈಗಿಂತ ಸ್ವಲ್ಪ ದೊಡ್ಡದು, ಸದ್ದಿಲ್ಲ, ಬಿಸಿಯಿಲ್ಲ. ಆದರೆ ರ‍್ಯಾಮ್ ಬೆಸುಗೆ ಹಾಕಿದ್ದು, ಕೊಂಡ ದಿನ ಎಷ್ಟೋ ಅಷ್ಟೇ. ಮೇಲಾಗಿ ಅದರ ಪವರ್ ಗುಂಡಿ ಹೊಟ್ಟೆಯ ಅಡಿಯಲ್ಲಿದೆ! ಪ್ರತಿದಿನ ಕಂಪ್ಯೂಟರನ್ನು ಎತ್ತಿ ಕೆಳಗೆ ತಡಕುವ ಕೆಲಸವನ್ನು ಎಪ್ಪತ್ತೆಂಟರ ಅಪ್ಪನಿಗೆ ಹೇಳಿಕೊಡುವ ಧೈರ್ಯ ನನಗಿಲ್ಲ.

ಪೆಟ್ಟಿಗೆಯ ಒಳಗಿನದಕ್ಕೆ ಇಷ್ಟು ಚರ್ಚೆ ಸಾಕು. ನಾವು ದಿನವಿಡೀ ನೋಡುವುದು ಪರದೆಯನ್ನು, ಮುಟ್ಟುವುದು ಕೀಲಿಮಣೆಯನ್ನು. ಆದರೆ ದುಡ್ಡು ಒಳಗೆ ಖರ್ಚಾಗಿ ಮುಗಿದ ಮೇಲೆ ‘ಉಳಿದದ್ದರಲ್ಲಿ ಯಾವುದಾದರೂ ಒಂದು ಮಾನಿಟರ್’ ಎನ್ನುವುದು ರೂಢಿ. ಅಂಗಡಿಯವರು ಮಾನಿಟರ್ ತೋರಿಸುವ ಕ್ರಮವೂ ಹಾಗೇ ಇದೆ. ಪಂಚರಂಗಿ ಗಿಳಿ, ಧುಮ್ಮಿಕ್ಕುವ ಜಲಪಾತ, ನಿಧಾನಗತಿಯಲ್ಲಿ ಒಡೆಯುವ ಸ್ಟ್ರಾಬೆರಿ. ಗಿಳಿ ಎಲ್ಲ ಪರದೆಯಲ್ಲೂ ಚೆಂದವೇ. ನಾನು ಪೆನ್‌ಡ್ರೈವಿನಲ್ಲಿ ಒಂದು ಕನ್ನಡ ಪುಟ ಹಾಕಿಕೊಂಡು ಹೋಗಿದ್ದೆ. ಚಿಕ್ಕ ಗಾತ್ರದ ಅಕ್ಷರ, ಅದರಲ್ಲಿ ಬೇಕೆಂದೇ ಸೇರಿಸಿದ ವೈಶಿಷ್ಟ್ಯ, ಸ್ವಾತಂತ್ರ್ಯ, ಉತ್ಪ್ರೇಕ್ಷೆ, ಕಾರ್ಯಾಧ್ಯಕ್ಷ.

ಇದರ ಹಿಂದೆ ಒಂದು ಲೆಕ್ಕವಿದೆ. ಅಗ್ಗದ ಪರದೆಗಳಲ್ಲಿ ಸಾಮಾನ್ಯವಾಗಿ ಇರುವುದು ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆ. ಅದು 24 ಇಂಚಿನ ಪರದೆಯಲ್ಲಿ ಹರಡಿದರೆ ಇಂಚಿಗೆ ಸುಮಾರು 92 ಚುಕ್ಕೆ ಬೀಳುತ್ತದೆ. ‘ಇನ್ನೆರಡು ಸಾವಿರ ಹಾಕಿ ಸಾರ್, 27 ಇಂಚು ತಗೊಳ್ಳಿ’ ಎಂಬ ಮಾತಿಗೆ ಮರುಳಾದರೆ ಅಷ್ಟೇ ಚುಕ್ಕೆಗಳು ಹಿಗ್ಗಿಕೊಂಡು ಇಂಚಿಗೆ 82ಕ್ಕೆ ಇಳಿಯುತ್ತವೆ. ಇಂಗ್ಲಿಷಿಗೆ ಅಷ್ಟು ಸಾಕಾಗುತ್ತದೆ. ಅದರ ಅಕ್ಷರಗಳು ಒಂದೇ ಸಾಲಿನಲ್ಲಿ ಶಿಸ್ತಾಗಿ ನಿಲ್ಲುವಂಥವು. ನಮ್ಮವು ಮೇಲೆ ಗುಡಿಸು ಕಟ್ಟಿಕೊಂಡು, ಪಕ್ಕಕ್ಕೆ ದೀರ್ಘ ಚಾಚಿ, ಕೆಳಗೆ ಇನ್ನಿಬ್ಬರನ್ನು ಅವುಚಿಕೊಂಡು ಬರುವಂಥವು. ಅಷ್ಟನ್ನೂ ಬೆರಳೆಣಿಕೆಯ ಚುಕ್ಕೆಗಳಲ್ಲಿ ಬಿಡಿಸು ಎಂದರೆ ಪರದೆಯಾದರೂ ಏನು ಮಾಡೀತು? ಒತ್ತುಗಳೆಲ್ಲ ಕಲಸಿ ಸಾಲಿನಡಿಗೆ ಕಾಡಿಗೆ ಹಚ್ಚಿದಂತಾಗುತ್ತದೆ. ದೊಡ್ಡದು ಮಾಡಿಕೊಂಡು ಓದಬಹುದು, ಆದರೆ ಆಗ ದೊಡ್ಡ ಪರದೆ ಕೊಂಡು ಗಳಿಸಿದ ಜಾಗವೆಲ್ಲ ಅಕ್ಷರದ ಪಾಲು. 27 ಇಂಚೇ ಬೇಕೆಂದರೆ 2560×1440 ಚುಕ್ಕೆಯದನ್ನು ಕೊಳ್ಳಬೇಕು; ಅಲ್ಲಿ ಇಂಚಿಗೆ 109.

ಅಂಗಡಿಯ ಹುಡುಗ ರಾಯಚೂರಿನ ಕಡೆಯವನು. ಮೊದಲು ನನ್ನ ಪುಟವನ್ನು ಗಿಳಿಯ ಜಾಗದಲ್ಲಿ ಹಾಕಲು ಅವನಿಗೆ ಮನಸ್ಸಿರಲಿಲ್ಲ. ಹಾಕಿದ ಮೇಲೆ ತಾನೇ ಬಗ್ಗಿ ಓದತೊಡಗಿದ. ‘ಇದರಾಗ ಪ ಯಾವ್ದು, ಷ ಯಾವ್ದು ತಿಳಿವಲ್ದಲ್ರೀ ಸರ’ ಎಂದವನು, ಹೇಳದೆಯೇ ಇನ್ನೊಂದು ಮಾನಿಟರಿಗೆ ವಯರು ಬದಲಿಸಿದ. ಹೊಟ್ಟೆಯೊಳಗಿನ ಒಂದು ಗೀರಿನಿಂದ ಬದುಕಿರುವ ಷಕಾರಕ್ಕೆ ಆ ಎರಡನೆಯ ಪರದೆಯಲ್ಲಿ ಪ್ರಾಣ ಬಂತು. ಆಮೇಲೆ ನಾವಿಬ್ಬರೂ ಸೇರಿ ಆ ಅಂಗಡಿಯ ಪ್ರದರ್ಶನದಲ್ಲಿದ್ದ ಪರದೆಗಳನ್ನೆಲ್ಲ ಒತ್ತಕ್ಷರದ ಪರೀಕ್ಷೆಗೆ ಕೂರಿಸಿದೆವು. ಮಾಲೀಕರಿಗೆ ಅಷ್ಟೇನೂ ಸಂತೋಷವಾದಂತೆ ಕಾಣಲಿಲ್ಲ. 1440ರ ಪರದೆಗೆ ಪ್ರೊಸೆಸರಿಗಿಂತ ಹೆಚ್ಚು ದುಡ್ಡು ತೆತ್ತೆ. ಅಕ್ಕನ ಮಗ ಇದನ್ನು ಇವತ್ತಿಗೂ ಕ್ಷಮಿಸಿಲ್ಲ.

ಪರದೆಗೆ ಸ್ಟ್ಯಾಂಡು ಮೇಲೆ ಕೆಳಗೆ ಸರಿಯುವಂಥದ್ದೇ ಬೇಕು. ಕಣ್ಣಿನ ಮಟ್ಟಕ್ಕಿರಲಿ ಎಂದು ಎಲ್ಲರೂ ಹೇಳುತ್ತಾರೆ, ಬೈಫೋಕಲ್ ಕನ್ನಡಕದವರಿಗೆ ಅದು ಸಲ್ಲದು. ಓದುವ ಗಾಜು ಕೆಳಗಿರುವುದರಿಂದ ಅವರು ಗದ್ದ ಎತ್ತಿ, ಕತ್ತು ಹಿಂದಕ್ಕೆ ಬಾಗಿಸಿ ನೋಡುತ್ತಾರೆ, ಸಂಜೆಗೆ ಕತ್ತುನೋವು. ಅಪ್ಪನ ಸರದಿ ಬಂದಾಗ ಪರದೆ ನಾಲ್ಕು ಬೆರಳು ಕೆಳಗಿಳಿಯುತ್ತದೆ. ಕೀಲಿಮಣೆಗೆ ಹೆಚ್ಚು ಯೋಚನೆ ಮಾಡಲಿಲ್ಲ. ಡಿಟಿಪಿ ಅಂಗಡಿಗಳಲ್ಲಿ ಆಹ್ವಾನಪತ್ರಿಕೆ ಅಚ್ಚಾಗುವಾಗ ಟಕಟಕ ಕೇಳುತ್ತಿತ್ತಲ್ಲ, ಆ ಟಿವಿಎಸ್ ಗೋಲ್ಡ್ ಮಾದರಿಯ ಮೆಕ್ಯಾನಿಕಲ್ ಕೀಲಿಗಳೇ ನನ್ನ ಬೆರಳಿಗೆ ಸರಿ. ಮಧ್ಯಾಹ್ನ ಮಲಗುವವರು ಆಕ್ಷೇಪಿಸುತ್ತಾರೆ, ಆಕ್ಷೇಪಿಸಲಿ.

ಇನ್ನು ಕರೆಂಟು. ಮನೆಯ ಕಂಪ್ಯೂಟರಿನ ಬಗ್ಗೆ ಮಾತಾಡುವವರು ಇದನ್ನು ಮೊದಲು ಮಾತಾಡಬೇಕು, ಯಾರೂ ಮಾತಾಡುವುದಿಲ್ಲ. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ಮೇಲೆ ‘450 ವಾಟ್’ ಎಂಬ ಚೀಟಿ ಇರುತ್ತದೆ. ಕೈಯಲ್ಲಿ ಎತ್ತಿ ನೋಡಿದರೆ ಚೀಟಿಯಷ್ಟೇ ಹಗುರ. ಅದು ಸಾಯುವಾಗ ಒಂಟಿಯಾಗಿ ಸಾಯುವುದಿಲ್ಲ, ಮದರ್‌ಬೋರ್ಡನ್ನೂ ಜೊತೆಗೆ ಕರೆದೊಯ್ಯುವ ಸಾಧ್ಯತೆ ಇದೆ. ಹೆಸರಿರುವ ಕಂಪನಿಯ, 80 ಪ್ಲಸ್ ಬ್ರಾಂಜ್ ಗುರುತಿನದನ್ನು ಬೇರೆಯಾಗಿ ಕೊಳ್ಳುವುದು ದುಬಾರಿಯೇನಲ್ಲ.

ಅದಕ್ಕಿಂತ ಮುಖ್ಯವಾದದ್ದು ಅರ್ತಿಂಗ್. ಹಳೆಯ ಮನೆಗಳಲ್ಲಿ, ರೆಡ್ ಆಕ್ಸೈಡ್ ನೆಲದ ಮೇಲೆ ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ಟಿನ ಹಿಂಭಾಗ ಸವರಿದರೆ ‘ಜುಮ್’ ಎನ್ನುತ್ತದೆ. ಕರೆಂಟ್ ಲೀಕ್ ಆಗುತ್ತಿದೆ ಎಂದು ಹೊಸ ಯಂತ್ರವನ್ನು ಅಂಗಡಿಗೆ ಹೊತ್ತೊಯ್ದವರಿದ್ದಾರೆ. ಬಹಳಷ್ಟು ಸಲ ಯಂತ್ರದ್ದೇನೂ ತಪ್ಪಿರುವುದಿಲ್ಲ. ಎಸ್‌ಎಂಪಿಎಸ್ ಒಳಗೆ ವಿದ್ಯುತ್ತಿನ ಗದ್ದಲ ಸೋಸಲೆಂದು ಎರಡೂ ತಂತಿಗಳಿಂದ ಲೋಹದ ಮೈಗೆ ಪುಟ್ಟ ಕೆಪ್ಯಾಸಿಟರುಗಳನ್ನು ಜೋಡಿಸಿರುತ್ತಾರೆ. ಅಲ್ಲಿಗೆ ಬಂದದ್ದು ಅರ್ತ್ ತಂತಿಯ ಮೂಲಕ ನೆಲ ಸೇರಬೇಕು. ತ್ರಿಪಿನ್ ಸಾಕೆಟ್ಟಿನ ಮೇಲಿನ ದೊಡ್ಡ ತೂತಿನ ಹಿಂದೆ ತಂತಿಯೇ ಇಲ್ಲದಿದ್ದರೆ ಕ್ಯಾಬಿನೆಟ್ಟಿನ ಮೈ 230 ವೋಲ್ಟಿನ ಸುಮಾರು ಅರ್ಧದಲ್ಲಿ ತೇಲುತ್ತಿರುತ್ತದೆ. ಹರಿಯುವ ವಿದ್ಯುತ್ ಅತ್ಯಲ್ಪ, ಹಾಗಾಗಿ ಜುಮ್ ಎನ್ನಿಸಿ ಬಿಡುತ್ತದೆ. ‘ಚಪ್ಪಲಿ ಹಾಕ್ಕೊಂಡು ಮುಟ್ಟಿ’ ಎಂಬುದು ಇದಕ್ಕೆ ನಮ್ಮಲ್ಲಿ ಪ್ರಸಿದ್ಧ ಪರಿಹಾರ. ಒಮ್ಮೆ ಕಂಪ್ಯೂಟರ್ ರೂಮೆಂದರೆ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಿದ್ದ ಕಾಲವಿತ್ತು. ಈಗ ಹಾಕಿಕೊಳ್ಳಿ ಎನ್ನುತ್ತಾರೆ. ನಾವು ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಆ ಸಾಕೆಟ್ಟಿಗೆ ಹೊಸ ಅರ್ತ್ ತಂತಿ ಎಳೆಸಿದೆವು. ಇಡೀ ಖರೀದಿಯಲ್ಲಿ ಅತ್ಯುತ್ತಮ ಖರ್ಚು ಅದೇ ಎಂಬುದು ನನ್ನ ತೀರ್ಮಾನ, ಪೆಟ್ಟಿಗೆಯಲ್ಲಿ ಅದರ ಗುರುತು ಎಲ್ಲೂ ಇಲ್ಲದಿದ್ದರೂ. 600 ವಿಎ ಯುಪಿಎಸ್ ಒಂದು ಮೇಜಿನಡಿಗೆ ಬಂತು. ಅದು ಕೊಡುವ ಹತ್ತು-ಹದಿನೈದು ನಿಮಿಷ ಬರೆದದ್ದನ್ನು ಉಳಿಸಿ ಮುಚ್ಚಲು ಸಾಕು; ಎರಡು ಮೂರು ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸುವ ಲೆಕ್ಕ ಮೊದಲೇ ಇಟ್ಟುಕೊಂಡರೆ ಆಯಿತು.

ಅಪ್ಪನ ಆತಂಕ ಇವ್ಯಾವುವೂ ಅಲ್ಲ. ‘ನನ್ನ ಫೈಲು ತೆರೀತದಾ?’ ಅವರು ನಿವೃತ್ತಿಯಾದಾಗಿನಿಂದ ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ, ಕೆ.ಪಿ. ರಾವ್ ವಿನ್ಯಾಸದ ಕೀಲಿಗಳಲ್ಲಿ, ಎರಡು ಬೆರಳಿನಿಂದ ಏಳು ತಲೆಮಾರನ್ನು ಟೈಪಿಸುತ್ತಿದ್ದಾರೆ. ಹಳೆಯ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದಂಥವು. ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಮುತ್ತಜ್ಜನ ಹೆಸರಿದ್ದಲ್ಲಿ ಡಾಲರ್ ಚಿಹ್ನೆ, ಆವರಣ, ಅಡ್ಡಾದಿಡ್ಡಿ ರೋಮನ್ ಅಕ್ಷರಗಳು. ಯೂನಿಕೋಡಿಗೆ ಪರಿವರ್ತಿಸುವ ಸಲಕರಣೆಗಳಿವೆ, ಬಹುಮಟ್ಟಿಗೆ ಸರಿಯಾಗೇ ಮಾಡುತ್ತವೆ, ಅರ್ಕಾವತ್ತು ಮಾತ್ರ ಆಗೊಮ್ಮೆ ಈಗೊಮ್ಮೆ ಹಾದಿ ತಪ್ಪಿ ಪಕ್ಕದ ಅಕ್ಷರದ ಮನೆ ಹೊಗುತ್ತದೆ. ಅಪ್ಪ ಮತ್ತು ಮಗಳು ಕೂತು ಒಂದೊಂದೇ ಹೆಸರು ಓದುತ್ತ ತಿದ್ದಿದರು. ತನಗೆ ದುರ್ಗಕ್ಕ ಎಂಬ ಪೂರ್ವಜೆ ಇದ್ದದ್ದು, ಆಕೆ ಗಂಡನ ಮನೆ ಬಿಟ್ಟುಬಂದು ಅಡಕೆ ತೋಟ ಮಾಡಿದ್ದು ಮಗಳಿಗೆ ಗೊತ್ತಾದದ್ದು ಆಗ. ಲಿನಕ್ಸಿನಲ್ಲೂ ‘ಕಗಪ’ ಎಂಬ ಹೆಸರಿನಲ್ಲಿ ಅದೇ ಕೀಲಿ ವಿನ್ಯಾಸ ಸಿದ್ಧವಾಗಿಯೇ ಬರುತ್ತದೆ. ಅಪ್ಪನ ಎರಡು ಬೆರಳಿಗೆ ವಿಂಡೋಸು, ಲಿನಕ್ಸು ಎರಡೂ ಒಂದೇ.

ಎಲ್ಲಿ ಇಡುವುದೆಂಬ ವಿಚಾರಕ್ಕೆ ಪಕ್ಕದ ಮನೆಯವರು ಆಗ್ನೇಯ ಎಂದರು. ಅಲ್ಲಿ ಕಿಟಕಿ ಬೆನ್ನಿಗೆ ಬಂದು ಪರದೆಯಲ್ಲಿ ರಸ್ತೆಯ ತೆಂಗಿನಮರವೇ ಕಾಣುತ್ತಿತ್ತು. ಕೊನೆಗೆ ಹಾಲಿನ ಒಳಗೋಡೆಗೆ ಹಾಕಿದೆವು, ಕಿಟಕಿ ಮಗ್ಗುಲಿಗೆ ಬರುವಂತೆ.

ಬಿಲ್ಲು ಬರೆಯುವಾಗ ‘ಬಿಲ್ ಬೇಕೇ ಬೇಕಾ ಸಾರ್?’ ಎಂಬ ಸಾಂಪ್ರದಾಯಿಕ ಪ್ರಶ್ನೆ ಬಂತು. ಬೇಕೇ ಬೇಕು. ಜೋಡಿಸಿದ ಯಂತ್ರದಲ್ಲಿ ಪ್ರತಿ ಭಾಗಕ್ಕೂ ಅದರದ್ದೇ ವಾರಂಟಿ, ಅದರದ್ದೇ ಸೀರಿಯಲ್ ನಂಬರು; ಶೇಕಡಾ 18ರ ಜಿಎಸ್‌ಟಿ ಉಳಿಸಿ ಮೂರು ವರ್ಷದ ಹಕ್ಕು ಬಿಟ್ಟುಕೊಡುವುದು ಜಾಣತನವಲ್ಲ. ಡಬ್ಬಗಳನ್ನೂ ಎಸೆಯುವಂತಿಲ್ಲವೆಂದು ಅಪ್ಪ ಎಲ್ಲವನ್ನೂ ಅಟ್ಟಕ್ಕೇರಿಸಿದ್ದಾರೆ. ರ‍್ಯಾಮ್ ಸದ್ಯಕ್ಕೆ 8 ಜಿಬಿಯ ಒಂದೇ ಕಡ್ಡಿ, ಪಕ್ಕದ ಜಾಗ ಖಾಲಿ. ಬೆಲೆ ಇಳಿದ ದಿನ ಜೋಡಿ ತಂದು ಸಿಕ್ಕಿಸಬಹುದು. ಆ ದಿನಕ್ಕಾಗಿ ಅಕ್ಕನ ಮಗ ಪ್ರತಿ ಸೋಮವಾರ ವಾಟ್ಸ್ಯಾಪಿನಲ್ಲಿ ದರ ಕಳಿಸುತ್ತಾನೆ, ಕೆಳಗೆ ತಪ್ಪದೆ ಒಂದು ಗ್ರಾಫಿಕ್ಸ್ ಕಾರ್ಡಿನ ಚಿತ್ರವನ್ನೂ ಅಂಟಿಸಿ.