ಬಿಟ್ಟ ಸ್ಟೇರಿಂಗ್ ತಾನಾಗೇ ನೇರಕ್ಕೆ ಬರಬೇಕು

1/6
ತಿರುವು ಮುಗಿದ ಮೇಲೆ ಹಿಡಿತ ಸ್ವಲ್ಪ ಸಡಿಲ ಬಿಟ್ರೆ ಸ್ಟೇರಿಂಗ್ ಕೈಯೊಳಗೇ ಜಾರ್ತಾ ನೇರಕ್ಕೆ ಬರಬೇಕು. ಕಾರು, ಲಾರಿ, ಪಿಕಪ್ ಎಲ್ಲದರಲ್ಲೂ ಅಷ್ಟೇ. ನಮ್ಮನೆ ಪಿಕಪ್‌ನಲ್ಲಿ ಎರಡು ತಿಂಗಳಿಂದ ಬರ್ತಿರಲಿಲ್ಲ. ಎಡಕ್ಕೆ ತಿರುಗಿಸಿದ್ರೆ ಎಡಕ್ಕೇ ನಿಲ್ಲೋದು, ಬಲಕ್ಕೆ ತಿರುಗಿಸಿದ್ರೆ ಬಲಕ್ಕೇ. ಎಳೆದು ತಂದ್ರೆ ಮಾತ್ರ ವಾಪಸ್.

ಅಪ್ಪ ಟೊಮೇಟೊ ಬಾಡಿಗೆ ಹೊಡೀತಾರೆ, ಶ್ರೀನಿವಾಸಪುರದ ಕಡೆಯ ತೋಟಗಳಿಂದ ಕೋಲಾರ ಎಪಿಎಂಸಿಗೆ. ಒಂದು ಬಾಕ್ಸ್ 15 ಕೆ.ಜಿ. ಅಂದ್ರೆ ನೂರು ಬಾಕ್ಸ್‌ಗೆ 1,500 ಕೆ.ಜಿ. ಅಷ್ಟು ಭಾರ ಹೊತ್ತ ಗಾಡಿ ಕತ್ತಲಲ್ಲಿ ತಿರುವು ದಾಟಿದ ಮೇಲೂ ಇನ್ನೂ ತಿರುಗ್ತಾನೇ ಇದ್ರೆ ಎದುರಿಗೆ ಬರೋ ಬೈಕಿನವನ ಗತಿ ಏನು? ಅಪ್ಪ ಇದೆಲ್ಲ ಹೇಳೋರಲ್ಲ. "ಭುಜ ಹಿಡ್ಕೊಂಡಿದೆ ಕಣಮ್ಮ" ಅಂದ್ರು, ಅಷ್ಟೇ. ಒಂದು ದಿನ ಪಕ್ಕದಲ್ಲಿ ಕೂತು ಹೋದಾಗ ನೋಡ್ದೆ, ನೇರ ರೋಡಲ್ಲೂ ಅವರ ಕೈ ಒಂದು ಕ್ಷಣ ಸುಮ್ಮನಿರ್ತಿರಲಿಲ್ಲ.

ಒಂದು ಗ್ಯಾರೇಜಲ್ಲಿ ಗಾಡಿಗೆ ಜಾಕ್ ಕೂಡ ಹಾಕದೆ "ಸ್ಟೇರಿಂಗ್ ಬಾಕ್ಸ್ ಹೋಗಿದೆ, ಹೊಸದು ಹಾಕ್ಬೇಕು" ಅಂದ್ಬಿಟ್ರು. ಹೇಳಿದ ರೇಟು ಗಾಡಿ ಲೋನ್ ಕಂತಿಗಿಂತ ಜಾಸ್ತಿ. ಅಪ್ಪ ಹೂಂ ಅನ್ನೋಕೆ ಮುಂಚೆ "ಎರಡು ದಿನ ಟೈಮ್ ಕೊಡಪ್ಪ" ಅಂತ ಕೇಳ್ಕೊಂಡೆ.

2/6
ಮೊದಲು ಥಿಯರಿ. ಪರೀಕ್ಷೆಗೆ ಓದಿ ಮರೆತಿರೋರಿಗೆ ಇನ್ನೊಂದ್ಸಲ.

ಸ್ಟೇರಿಂಗ್ ನೇರಕ್ಕೆ ತರೋಕೆ ಒಳಗೆ ಯಾವ ಸ್ಪ್ರಿಂಗೂ ಇಲ್ಲ. ಆ ಕೆಲಸ ಮಾಡೋದು ಮುಖ್ಯವಾಗಿ ಕ್ಯಾಸ್ಟರ್ ಕೋನ. ಸೈಕಲ್‌ನ ಮುಂದಿನ ಫೋರ್ಕ್ ನೋಡಿ, ಮೇಲ್ಭಾಗ ಸವಾರನ ಕಡೆಗೆ ವಾಲಿರುತ್ತೆ. ಆ ಓರೆಯ ಗೆರೆಯನ್ನ ನೆಲದವರೆಗೂ ಎಳೆದ್ರೆ, ಟೈರ್ ನೆಲ ಮುಟ್ಟೋ ಜಾಗಕ್ಕಿಂತ ಮುಂದೆ ಹೋಗಿ ಬೀಳುತ್ತೆ. ಅಂದ್ರೆ ಟೈರ್ ಯಾವಾಗ್ಲೂ ಹಿಂದಿನಿಂದ ಎಳೆಸ್ಕೊಂಡು ಬರುತ್ತೆ. ಆಸ್ಪತ್ರೆ ಸ್ಟ್ರೆಚರ್ ತಳ್ಳಿದಾಗ ಅದರ ಪುಟ್ಟ ಚಕ್ರ ತಾನೇ ತಿರುಗಿ ಹಿಂದಕ್ಕೆ ಬಂದು ಸಾಲಾಗಿ ನಿಲ್ಲುತ್ತಲ್ಲ, ಅದೇ ಲೆಕ್ಕ.

ಇದರ ಜೊತೆಗೆ ಕಿಂಗ್ ಪಿನ್ ಇನ್‌ಕ್ಲಿನೇಷನ್. ಚಕ್ರ ತಿರುಗೋ ಅಕ್ಷದ ಮೇಲ್ತುದಿ ಗಾಡಿಯ ಒಳಕ್ಕೆ ವಾಲಿರುತ್ತೆ. ಅದರಿಂದ ಚಕ್ರ ತಿರುಗಿಸಿದಾಗ ಗಾಡಿಯ ಮುಂಭಾಗ ಒಂಚೂರು ಮೇಲಕ್ಕೆ ಏಳುತ್ತೆ, ಬಿಟ್ರೆ ಗಾಡಿಯ ಭಾರವೇ ಅದನ್ನ ಕೆಳಕ್ಕೆ ಒತ್ತಿ ಚಕ್ರ ನೇರ ಮಾಡುತ್ತೆ.

ಹಾಗಾದ್ರೆ ಸ್ಟೇರಿಂಗ್ ವಾಪಸ್ ಬರದೇ ಇರೋಕೆ ದೊಡ್ಡ ಕಾರಣ ಎರಡು. ವಾಪಸ್ ತರೋ ಶಕ್ತಿ ಕಮ್ಮಿ ಆಗಿರಬೇಕು, ಇಲ್ಲಾ ಎಲ್ಲೋ ಯಾವುದೋ ಜಾಯಿಂಟ್ ಬಿಗಿಯಾಗಿ ಆ ಶಕ್ತಿಯನ್ನ ತಿಂತಿರಬೇಕು.

3/6
ಸ್ಪ್ಯಾನರ್ ಮುಟ್ಟೋಕೆ ಮುಂಚೆ ಕೇಳಬೇಕಾದ ಪ್ರಶ್ನೆಗಳು.

ಗಾಡಿ ಯಾವಾಗ್ಲೂ ಒಂದೇ ಕಡೆ ಎಳೆಯುತ್ತಾ? ಹಾಗಿದ್ರೆ ಎರಡೂ ಟೈರಿನ ಗಾಳಿ, ಹಿಡ್ಕೊಂಡಿರೋ ಬ್ರೇಕು, ಎರಡು ಕಡೆ ಬೇರೆ ಬೇರೆ ಇರೋ ಕ್ಯಾಸ್ಟರ್ ನೋಡಿ.

ಸ್ಟೇರಿಂಗ್ ಹಗುರವಾಗಿ ತಿರುಗುತ್ತೆ, ಆದ್ರೆ ವಾಪಸ್ ಬರೋಕೆ ಸೋಮಾರಿತನ ಮಾಡುತ್ತಾ? ಕ್ಯಾಸ್ಟರ್ ಕಮ್ಮಿ ಆಗಿರಬಹುದು. ಪಿಕಪ್‌ಗಳಲ್ಲಿ ಇದಕ್ಕೊಂದು ವಿಶೇಷ ಕಾರಣ ಇದೆ. ಜಾಸ್ತಿ ಲೋಡ್ ಹಾಕೋಕೆ ಅಂತ ಹಿಂದೆ ಎಕ್ಸ್‌ಟ್ರಾ ಪ್ಲೇಟ್ ಕೂರಿಸ್ತಾರೆ. ಖಾಲಿ ಇದ್ದಾಗ ಗಾಡಿಯ ಹಿಂಭಾಗ ಎತ್ತರ ಆಗಿ ಮೂತಿ ಕೆಳಗಾಗುತ್ತೆ. ಮುಂದಿನ ಮತ್ತು ಹಿಂದಿನ ಚಕ್ರಗಳ ಅಂತರ 3 ಮೀಟರ್ ಇರೋ ಗಾಡಿಯ ಹಿಂಭಾಗ 5 ಸೆಂ.ಮೀ. ಎದ್ರೆ ಹತ್ತಿರ ಹತ್ತಿರ 1 ಡಿಗ್ರಿ ಕ್ಯಾಸ್ಟರ್ ಹೋಯ್ತು ಅಂತ ಲೆಕ್ಕ. ಇರೋದೇ ಕೆಲವು ಡಿಗ್ರಿ.

ತಿರುಗಿಸಿದ ಕಡೆಗೇ ನಿಲ್ಲುತ್ತಾ, ಎಡ ಬಲ ಎರಡೂ ಕಡೆ? ಹಾಗಿದ್ರೆ ಬಿಗಿತದ ಮೇಲೇ ಮೊದಲ ಅನುಮಾನ. ನಮ್ಮ ಗಾಡಿದು ಇದೇ. ಲೋಡ್ ಇದ್ದಾಗ ಹಿಂಭಾಗ ತಗ್ಗಿ ಕ್ಯಾಸ್ಟರ್ ಜಾಸ್ತಿ ಆಗುತ್ತೆ, ಆಗಲಾದ್ರೂ ಸ್ವಲ್ಪ ಸುಧಾರಿಸಬೇಕಿತ್ತು. "ಖಾಲಿ ಇದ್ರೂ ಅಷ್ಟೇ, ಲೋಡ್ ಇದ್ರೂ ಅಷ್ಟೇ" ಅಂದ್ರು ಅಪ್ಪ. ಟೈರ್ ಗಾಳಿ ಸರಿಯಾಗಿತ್ತು, ಪವರ್ ಸ್ಟೇರಿಂಗ್ ಆಯಿಲ್ ಮಟ್ಟವೂ ಸರಿ ಇತ್ತು.

4/6
ನಮ್ಮೂರ ಮೇಸ್ತ್ರಿ ಭಾನುವಾರ ಶೆಡ್ ಬಿಟ್ಟುಕೊಟ್ರು, ಜೊತೆಗೂ ನಿಂತ್ರು. ಹುಡುಕಿದ್ದು ಹೀಗೆ.

ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂಭಾಗ ಎತ್ತಿ, ಕೆಳಗಿನ ಆರ್ಮ್‌ಗಳಿಗೆ ಸ್ಟ್ಯಾಂಡ್ ಕೊಟ್ವಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ಹೋಗ್ಬೇಡಿ, ಯಾವತ್ತೂ. ಎಂಜಿನ್ ಆಫ್, ಸ್ಟೇರಿಂಗ್ ಲಾಕ್ ತೆಗೆದು ತಿರುಗಿಸಿದ್ರೆ ನಿಧಾನಕ್ಕೆ, ಜಿಗುಟಾಗಿ ತಿರುಗ್ತಿತ್ತು.

ಆಮೇಲೆ ಎರಡೂ ಟೈ ರಾಡ್ ಎಂಡ್‌ಗಳನ್ನ ಚಕ್ರದ ಕಡೆಯಿಂದ ಬಿಡಿಸಿದ್ವಿ. ಇಲ್ಲಿಗೆ ಸಿಸ್ಟಮ್ ಎರಡು ಭಾಗ ಆಯ್ತು. ಮೇಲಿನ ಭಾಗದಲ್ಲಿ ಸ್ಟೇರಿಂಗ್, ಕಾಲಮ್, ಬಾಕ್ಸ್. ಕೆಳಗಿನ ಭಾಗದಲ್ಲಿ ಚಕ್ರ, ಬಾಲ್ ಜಾಯಿಂಟ್. ಈಗ ಸ್ಟೇರಿಂಗ್ ತಿರುಗಿಸಿದ್ರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಸಮ, ನಡುವೆ ಎಲ್ಲೂ ಬಿಗಿ ಇಲ್ಲ.

ಅಂದ್ರೆ ಹೊಸದು ಹಾಕ್ಬೇಕು ಅಂದಿದ್ರಲ್ಲ, ಆ ಬಾಕ್ಸ್ ನೆಟ್ಟಗಿತ್ತು.

ಇಲ್ಲಿ ಬಿಗಿ ಸಿಕ್ಕಿದ್ರೆ ಮುಂದೆ ಕಾಲಮ್‌ನ ಕ್ರಾಸ್ ಜಾಯಿಂಟ್ ಬಿಡಿಸಿ ನೋಡ್ಬೇಕಿತ್ತು. ನೀರು ಬಿದ್ದು ತುಕ್ಕು ಹಿಡಿದು ಅದು ಬಿಗಿಯಾಗೋದುಂಟು. ಬಾಕ್ಸ್ ಮೇಲಿನ ಪ್ಲೇ ತೆಗೆಯೋ ಸ್ಕ್ರೂ ಅತಿಯಾಗಿ ಟೈಟ್ ಮಾಡಿದ್ರೂ ಸರಿಯಾಗಿ ನಡುವಿನಲ್ಲಿ ಬಿಗಿಯುತ್ತೆ.

5/6
"ಈಗ ಚಕ್ರ ನೀನೇ ತಿರುಗ್ಸು ನೋಡಮ್ಮ" ಅಂದ್ರು ಮೇಸ್ತ್ರಿ. ಬಲಗಡೆ ಚಕ್ರ ಎರಡು ಬೆರಳಲ್ಲಿ ತಿರುಗ್ತು. ಎಡಗಡೆದು ಎರಡು ಕೈ ಹಾಕಿ, ಕಾಲು ಊರಿ ತಳ್ಳಿದ್ರೂ ಕಷ್ಟ. ತಿರುಗುವಾಗ ಕಿರ್ ಅಂತ ಸಣ್ಣ ಸದ್ದು ಬೇರೆ.

ಟಾರ್ಚ್ ಹಾಕಿ ನೋಡಿದ್ರೆ ಕೆಳಗಿನ ಬಾಲ್ ಜಾಯಿಂಟ್‌ನ ರಬ್ಬರ್ ಬೂಟ್ ಹರಿದಿತ್ತು. ಗ್ರೀಸ್ ಇರಬೇಕಾದ ಜಾಗದಲ್ಲಿ ತೋಟದ ಕೆಂಪು ಮಣ್ಣು, ತುಕ್ಕು. ಎರಡೂ ಚಕ್ರ ಒಂದೇ ಲಿಂಕೇಜ್‌ಗೆ ಸೇರಿರೋದ್ರಿಂದ ಒಂದು ಜಾಯಿಂಟ್ ಬಿಗಿಯಾದ್ರೆ ಸಾಕು, ಇಡೀ ಸ್ಟೇರಿಂಗ್ ಹಿಡ್ಕೊಳ್ಳುತ್ತೆ.

ಆ ಜಾಯಿಂಟ್ ಬಿಚ್ಚೋ ಕೆಲಸ ಮೇಸ್ತ್ರಿನೇ ಮಾಡಿದ್ರು. ಅಲ್ಲಿ ಸಸ್ಪೆನ್ಷನ್ ಸ್ಪ್ರಿಂಗ್‌ನ ಒತ್ತಡ ಇರುತ್ತೆ. ಆರ್ಮ್‌ಗೆ ಸರಿಯಾಗಿ ಆಧಾರ ಕೊಡದೆ ಬಿಚ್ಚಿದ್ರೆ ಅದು ಚಿಮ್ಮಿ ಪ್ರಾಣಕ್ಕೇ ಬರುತ್ತೆ. ರೀಲ್ಸ್ ನೋಡಿ ಮನೆ ಮುಂದೆ ಮಾಡೋ ಕೆಲಸ ಅಲ್ಲ ಇದು. ಹೊಸ ಜಾಯಿಂಟ್, ಹೊಸ ಸ್ಪ್ಲಿಟ್ ಪಿನ್ ಹಾಕಿ ಮಾರನೇ ದಿನ ವೀಲ್ ಅಲೈನ್‌ಮೆಂಟ್ ಮಾಡಿಸಿದ್ವಿ. ತುಂಬಾ ಕಡೆ ಟೋ ಮಾತ್ರ ನೋಡಿ ಕಳಿಸ್ತಾರೆ. ಕ್ಯಾಸ್ಟರ್ ಅಳೆಯೋಕೆ ಚಕ್ರವನ್ನ ಎಡಕ್ಕೂ ಬಲಕ್ಕೂ ತಿರುಗಿಸ್ಲೇಬೇಕು, ಸಾಮಾನ್ಯವಾಗಿ ಸುಮಾರು 20 ಡಿಗ್ರಿ. ತಿರುಗಿಸದೇ ಇದ್ರೆ ಕ್ಯಾಸ್ಟರ್ ಅಳೆದಿಲ್ಲ ಅಂತಲೇ ಅರ್ಥ, ಕೇಳಿ ಮಾಡಿಸಿ.

ಒಟ್ಟು ಖರ್ಚು ಬಾಕ್ಸ್‌ಗೆ ಹೇಳಿದ ರೇಟಿನ ಹತ್ತನೇ ಒಂದು ಭಾಗವೂ ಆಗಲಿಲ್ಲ. ಆದ್ರೆ ನನಗೆ ದುಡ್ಡಿಗಿಂತ ಜಾಸ್ತಿ ಕಾಡಿದ್ದು ಬೇರೆ. ಹೊಸ ಬಾಕ್ಸ್ ಹಾಕಿಸಿದ್ರೂ ಆ ಜಾಯಿಂಟ್ ಅಲ್ಲೇ ಹಾಗೇ ಇರ್ತಿತ್ತು. ಸಾಲ ಮಾಡಿ ರಿಪೇರಿ ಮಾಡಿಸಿದೀವಿ ಅನ್ನೋ ಧೈರ್ಯದಲ್ಲಿ ಅಪ್ಪ ಮತ್ತೆ ರಾತ್ರಿ ಲೋಡ್ ಹೊಡೀತಿದ್ರು.

6/6
ಕ್ಲಾಸ್‌ಮೇಟ್ಸ್, ಇದನ್ನ ಸೇವ್ ಮಾಡಿಟ್ಕೊಳ್ಳಿ. ಗಾಳಿ, ಆಯಿಲ್ ಮೊದಲು. ಆಮೇಲೆ ಡ್ರೈವರ್ ಹತ್ರ ಕೂತು ಮಾತು, ಯಾಕಂದ್ರೆ ನಮಗೆ ಅರ್ಧ ಉತ್ತರ ಸಿಕ್ಕಿದ್ದು ಅಪ್ಪನ ಒಂದು ಮಾತಲ್ಲಿ. ಆಮೇಲೆ ಚಕ್ರ ಎತ್ತಿ, ಮಧ್ಯದಲ್ಲಿ ಬಿಡಿಸಿ, ಬಿಗಿ ಯಾವ ಅರ್ಧದಲ್ಲಿದೆ ಅಂತ ಕೈಯಿಂದ ನೋಡೋದು. ಎಲ್ಲೂ ಬಿಗಿ ಇಲ್ಲ ಅಂದ್ರೆ ಆಗ ಕ್ಯಾಸ್ಟರ್. ಪಾರ್ಟ್ ಬದಲಾಯಿಸೋ ಮಾತು ಕೊನೆಗೆ.

ಗಾಡಿ ಇರೋ ಮನೆಯವರಿಗೆ ಇನ್ನೊಂದು ಮಾತು. ಸರ್ವಿಸ್‌ಗೆ ಬಿಟ್ಟಾಗ ಬಾಲ್ ಜಾಯಿಂಟ್ ಬೂಟ್, ಟೈ ರಾಡ್ ಎಂಡ್ ಬೂಟ್ ನೋಡಿ ಅಂತ ಹೇಳಿ. ಗ್ರೀಸ್ ನಿಪ್ಪಲ್ ಇದ್ರೆ ಗ್ರೀಸ್ ಹೊಡೆಸಿ. ಹರಿದ ಒಂದು ರಬ್ಬರ್ ಕಣ್ಣಿಗೆ ಬೀಳೋಕೆ ಒಂದು ಟಾರ್ಚ್ ಸಾಕು.

ನಿಮ್ಮನೇಲಿ ಅಪ್ಪ, ಅಣ್ಣ, ಮಾವ ಯಾರಾದ್ರೂ ಗಾಡಿ ಓಡಿಸ್ತಿದ್ರೆ ಇವತ್ತು ಒಂದು ಪ್ರಶ್ನೆ ಕೇಳಿ: "ತಿರುವು ಆದ್ಮೇಲೆ ಸ್ಟೇರಿಂಗ್ ತಾನೇ ವಾಪಸ್ ಬರುತ್ತಾ, ನೀವು ಎಳೀಬೇಕಾ?" ಅವರು ಏನಂದ್ರು ಅಂತ ಕಾಮೆಂಟ್‌ನಲ್ಲಿ ಬರೀರಿ. ಮುಂದಿನ ವಾರ ಬ್ರೇಕ್ ಹಿಡ್ಕೊಳ್ಳೋದರ ಬಗ್ಗೆ.

#ಗ್ಯಾರೇಜ್_ಪಾಠ #ಆಟೋಮೊಬೈಲ್_ಡಿಪ್ಲೊಮಾ #ಪಿಕಪ್ #ಕೋಲಾರ