ಅಡವಿಟ್ಟ ಆಕ್ಸಲ್

ಸ್ಟಾಕ್ ಕಾರ್ ರೇಸ್ ಎನ್ನುವುದು ಅಮೆರಿಕದವರ ಆಟ. ಕಾರ್ಖಾನೆಯಿಂದ ಬಂದು ಅಂಗಡಿಯಲ್ಲಿ ಮಾರಾಟಕ್ಕೆ ನಿಂತ ಸಾಮಾನ್ಯ ಕಾರನ್ನೇ ಓಡಿಸಿ ಪಂದ್ಯ ಕಟ್ಟುವುದು ಅದರ ಮೂಲ ನಿಯಮ. ಅಲ್ಲಿನ ದಕ್ಷಿಣದ ರಾಜ್ಯಗಳಲ್ಲಿ ಕಳ್ಳಭಟ್ಟಿ ಸಾಗಿಸುತ್ತಿದ್ದ ಹುಡುಗರು ಪೊಲೀಸರಿಂದ ತಪ್ಪಿಸಿಕೊಳ್ಳಲು ಕಾರಿನ ಇಂಜಿನ್ ಬಿಗಿ ಮಾಡಿಕೊಳ್ಳುತ್ತಿದ್ದರು. ಆ ಕೈಚಳಕವೇ ಮುಂದೆ ಮೈದಾನಕ್ಕೆ ಇಳಿಯಿತು. 1948ರಲ್ಲಿ ನಾಸ್ಕಾರ್ ಸಂಸ್ಥೆ ಹುಟ್ಟಿತು. ಮರುವರ್ಷ ಜೂನ್‌ನಲ್ಲಿ ಷಾರ್ಲಟ್ ನಗರದಲ್ಲಿ ನಡೆದ, ಸಾಮಾನ್ಯ ಕಾರುಗಳ ಅದರ ಮೊದಲ ಪಂದ್ಯದಲ್ಲಿ ಎಲ್ಲರಿಗಿಂತ ಮುಂಚೆ ಗುರಿ ಮುಟ್ಟಿದ ಕಾರನ್ನು ತಪಾಸಣೆ ಮಾಡಿ ಅನರ್ಹಗೊಳಿಸಿದರು. ಅದರ ಹಿಂದಿನ ಸ್ಪ್ರಿಂಗುಗಳನ್ನು ಕಳ್ಳಭಟ್ಟಿಯ ಭಾರಕ್ಕೆ ತಕ್ಕಂತೆ ಬದಲಿಸಲಾಗಿತ್ತಂತೆ. ಅದೇ ಪಂದ್ಯದಲ್ಲಿ ಲೀ ಪೆಟ್ಟಿ ಎಂಬಾತ ಎರವಲು ತಂದ ಬ್ಯೂಕ್ ಕಾರಿನಲ್ಲಿ ಓಡಿ ಅದನ್ನು ಪಲ್ಟಿ ಹೊಡೆಸಿದ. ಕಾರು ಕೊಟ್ಟವನ ಮುಖ ಆಗ ಹೇಗಿದ್ದಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ.

ನಮ್ಮ ಕಡೆ ಆ ಹೆಸರು ಇರಲಿಲ್ಲ, ಆಟ ಮಾತ್ರ ಇತ್ತು. ಅದರ ತವರು ಮದ್ರಾಸಿನ ಹತ್ತಿರದ ಶೋಲಾವರಂ. ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನ ಇಳಿಸಲು ಮಾಡಿ ಆಮೇಲೆ ಪಾಳುಬಿಟ್ಟ ಜಾಗ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಅಲ್ಲಿ ರೇಸು ನಡೆಸುತ್ತಿದ್ದರು. ಬೆಂಗಳೂರು, ಕೊಯಮತ್ತೂರು, ಕಲ್ಕತ್ತಾದಿಂದೆಲ್ಲ ಕಾರುಗಳು ಬರುತ್ತಿದ್ದವು. ವಿಜಯ್ ಮಲ್ಯ ಹಳೆಯ ಫಾರ್ಮುಲಾ ಒನ್ ಕಾರೊಂದನ್ನು, ಎನ್ಸೈನ್ ಎಂದು ಅದರ ಹೆಸರು, 1980ರ ದಶಕದ ಆರಂಭದಲ್ಲಿ ಅಲ್ಲಿ ಓಡಿಸಿದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಆದರೆ ಜನ ತಮ್ಮದೆಂದುಕೊಂಡು ಕೂಗುತ್ತಿದ್ದದ್ದು ಫಿಯೆಟ್, ಹೆರಾಲ್ಡ್, ಅಂಬಾಸಡರ್‌ಗಳಿಗೆ. ಆ ಕಾಲದಲ್ಲಿ ಫಿಯೆಟ್ ಬುಕ್ ಮಾಡಿದವನು ವರ್ಷಗಟ್ಟಲೆ ಕಾಯಬೇಕಿತ್ತು. ಹಾಗೆ ಕಾದು ಪಡೆದ, ಮನೆಯ ಮದುವೆ ಆಸ್ಪತ್ರೆಗಳಿಗೆಲ್ಲ ಓಡಾಡುವ ಕಾರೇ ಕಣ್ಣೆದುರು ಕಿರುಚಿಕೊಂಡು ತಿರುವಿನಲ್ಲಿ ವಾಲುವುದನ್ನು ನೋಡುವುದೆಂದರೆ ಬೇರೆಯೇ ಮಜಾ.

ನನ್ನ ಚಾಚಾ ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯೊಂದರಲ್ಲಿ ಗ್ಯಾರೇಜು ಇಟ್ಟಿದ್ದರು. ಬೋರ್ಡು ಇರಲಿಲ್ಲ. ಹುಡುಗರು 'ಉಸ್ತಾದ್' ಅನ್ನುತ್ತಿದ್ದರು, ಗಿರಾಕಿಗಳು 'ಸಾಬ್ರೆ' ಅನ್ನುತ್ತಿದ್ದರು. ನಾಲ್ಕನೇ ಕ್ಲಾಸು ಓದಿದ ಮನುಷ್ಯ. ಸ್ಕ್ರೂ ಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ ಹಿಡಿಯನ್ನು ಕಿವಿಗೆ ಆನಿಸಿಕೊಂಡು ಕಣ್ಣು ಮುಚ್ಚುತ್ತಿದ್ದರು. ಯಾವ ಟ್ಯಾಪೆಟ್ ಸಡಿಲ, ಯಾವ ಬೇರಿಂಗು ಸವೆದಿದೆ ಎಂದು ಹಾಗೇ ಹೇಳುತ್ತಿದ್ದರು. ಫಿಯೆಟ್ಟಿನ 1089 ಸಿ.ಸಿ. ಇಂಜಿನ್ನಿನಿಂದ ಹೆಚ್ಚಿನ ಶಕ್ತಿ ತೆಗೆಯುವುದು ಅವರಿಗೆ ಒಂಥರಾ ಹಟ. ಹೆಡ್ಡನ್ನು ಲೇತಿಗೆ ಕೊಟ್ಟು ಕೂದಲೆಳೆಯಷ್ಟು ತೆಗೆಸುವುದು, ಗಾಳಿ-ಪೆಟ್ರೋಲು ಹೋಗುವ ದಾರಿಯನ್ನು ಒಳಗಿನಿಂದ ಉಜ್ಜಿ ಉಜ್ಜಿ ಕನ್ನಡಿ ಮಾಡುವುದು, ಫ್ಲೈವೀಲಿನ ತೂಕ ಇಳಿಸುವುದು. ಹೆಡ್ಡು ಜಾಸ್ತಿ ತೆಗೆದರೆ ನಮ್ಮ ಪೆಟ್ರೋಲಿಗೆ ಇಂಜಿನ್ ಕುಟ್ಟಲು ಶುರುಮಾಡುತ್ತದೆ, ಕಮ್ಮಿಯಾದರೆ ತೆಗೆದೂ ಪ್ರಯೋಜನವಿಲ್ಲ. ಆ ಅಳತೆ ಎಲ್ಲಿಯೂ ಬರೆದಿಟ್ಟಿರಲಿಲ್ಲ, ಅವರ ಬೆರಳಿನಲ್ಲಿತ್ತು. ಇಂಜಿನ್ನಿಗಿಂತ ಅವರಿಗೆ ಬ್ರೇಕಿನದೇ ಚಿಂತೆ. ಫಿಯೆಟ್ಟಿಗೆ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು. ನಾಲ್ಕು ಸುತ್ತು ಓಡಿಸಿದರೆ ಕಾದು ಹಿಡಿಯುವುದನ್ನೇ ಬಿಡುತ್ತದೆ. ಗಾಳಿಯಾಡಲೆಂದು ಹಿಂಬದಿಯ ತಗಡಿಗೆ ತೂತು ಕೊರೆಯುತ್ತಿದ್ದರು. "ಓಡುವ ಕಾರು ಯಾರು ಬೇಕಾದ್ರೂ ಮಾಡ್ತಾರೆ, ನಿಲ್ಲುವ ಕಾರು ಮಾಡಬೇಕು" ಎನ್ನುವುದು ಅವರ ಮಾತು.

ಅವರು ತಯಾರು ಮಾಡುತ್ತಿದ್ದ ಕಾರು ಚಿಕ್ಕಮಗಳೂರಿನ ಕಾಫಿ ತೋಟದ ಯಜಮಾನರೊಬ್ಬರದು. ಗೌಡ್ರು ಎಂದಷ್ಟೇ ಹೇಳುತ್ತೇನೆ. ಓಡಿಸುವವರೂ ಅವರೇ. 1984ರಲ್ಲಿ ನನಗೆ ಹನ್ನೆರಡು ವರ್ಷ. ಆ ಸಲ ಚಾಚಾ ನನ್ನನ್ನೂ ಕರೆದುಕೊಂಡು ಹೋದರು. ದಾದಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಅಲ್ಲಾಹನು ಕೊಟ್ಟ ಜೀವವನ್ನು ಪೆಟ್ರೋಲು ಸುಟ್ಟು ಪಣಕ್ಕೆ ಇಡುವುದು ಯಾವ ಶರೀಯತ್ತಿನಲ್ಲಿದೆ ಎಂದು ಕೇಳಿದರು. ಚಾಚಾ, "ಅಮ್ಮಾ, ಪಣಕ್ಕೆ ಇಡೋದು ಗೌಡ್ರು, ಅದು ಹೋಗದಂತೆ ನೋಡೋದು ನನ್ನ ಕೆಲಸ" ಎಂದು ಚಪ್ಪಲಿ ಮೆಟ್ಟಿದರು. ದಾದಿ ಒಪ್ಪಲಿಲ್ಲ, ಆದರೆ ದಾರಿಗೆಂದು ಮೊಟ್ಟೆ ಬೇಯಿಸಿ ಕೊಟ್ಟರು.

ಕಾರನ್ನು ಲಾರಿಗೆ ಹತ್ತಿಸಿ ಹಗ್ಗ ಬಿಗಿದು ರಾತ್ರಿ ಹೊರಟೆವು. ಕೋಲಾರ ದಾಟಿ ಮುಳಬಾಗಿಲಿನಲ್ಲಿ ಲಾರಿ ನಿಂತಿತು. ಚಾಚಾ ಹೈದರ್ ವಲಿ ದರ್ಗಾದ ಕಡೆ ಮುಖ ಮಾಡಿ ಫಾತಿಹಾ ಓದಿದರು. ಲಾರಿ ಡ್ರೈವರು ಕುರುಡುಮಲೆ ಗಣಪನಿಗೆ ನಿಂತಲ್ಲಿಂದಲೇ ಕೈ ಮುಗಿದ. ಈಗ ನಮ್ಮ ಮನೆಯಲ್ಲೇ ದರ್ಗಾದ ವಿಷಯ ಬಂದರೆ ಗಂಟೆಗಟ್ಟಲೆ ವಾದ ಮಾಡುವ ಹುಡುಗರಿದ್ದಾರೆ. ಅವತ್ತು ರಾತ್ರಿ ಎರಡು ಗಂಟೆಯಲ್ಲಿ ವಾದಕ್ಕೆ ಪುರಸೊತ್ತು ಇರಲಿಲ್ಲ, ಚಳಿ ಇತ್ತು.

ಶೋಲಾವರಂ ಅಂದರೆ ರೆಡ್ ಹಿಲ್ಸ್ ದಾಟಿ ಕಲ್ಕತ್ತಾ ರಸ್ತೆಯಲ್ಲಿ ಹೋಗಬೇಕು. ಮರವಿಲ್ಲದ ಬಯಲು. ಶನಿವಾರ ಅಭ್ಯಾಸ, ಭಾನುವಾರ ರೇಸು. ಶನಿವಾರ ಕಾರು ಚೆನ್ನಾಗಿಯೇ ಓಡಿತು. ಆದರೆ ಚಾಚಾ ಅನ್ನ ಮುಟ್ಟಲಿಲ್ಲ. ಮುಂದಿನ ಎಡಗಡೆಯಿಂದ ಏನೋ ದನಿ ಬರುತ್ತಿದೆ ಎಂದರು. ಗೌಡರಿಗೆ ಕೇಳಿಸಿರಲಿಲ್ಲ, ನಮಗೂ ಇಲ್ಲ. ಭಾನುವಾರ ಫಜರ್ ನಮಾಜು ಮುಗಿಸಿ ಚಾಚಾ ಗಾಲಿ ಬಿಚ್ಚಿದರು. ಗಾಲಿಯನ್ನು ಹೊತ್ತು ತಿರುಗಿಸುವ ಸ್ಟಬ್ ಆಕ್ಸಲ್ ಹೊರಗೆ ತೆಗೆದು ಸೀಮೆಎಣ್ಣೆಯಲ್ಲಿ ಅದ್ದಿ, ಬಟ್ಟೆಯಿಂದ ಒರೆಸಿ, ಸೀಮೆಸುಣ್ಣದ ಪುಡಿ ಬಳಿದರು. ಸ್ವಲ್ಪ ಹೊತ್ತಿಗೆ ಆ ಬಿಳಿಯ ಮೇಲೆ ಒಂದು ಕಪ್ಪು ಗೆರೆ ಮೂಡಿತು. ಬಿರುಕಿನೊಳಗೆ ಇಳಿದಿದ್ದ ಎಣ್ಣೆ ಸುಣ್ಣಕ್ಕೆ ಹೀರಿಕೊಂಡು ಹೊರಗೆ ಬಂದಿತ್ತು. ಉಗುರಿನಷ್ಟು ಉದ್ದದ ಗೆರೆ. ರನ್‌ವೇಯ ಕೊನೆಯ ತಿರುವಿನಲ್ಲಿ ಕಾರಿನ ಭಾರವೆಲ್ಲ ಬೀಳುವುದು ಅಲ್ಲೇ.

ಗೌಡರು ನೋಡಿದರು. "ಹತ್ತು ಸುತ್ತು ತಡೆಯಲ್ವಾ, ಸಾಬ್ರೆ?" ಎಂದು ಕೇಳಿದರು.

"ತಡೆದ್ರೂ ತಡೀಬಹುದು ಗೌಡ್ರೆ. ನಾನಂತೂ ಇದನ್ನ ವಾಪಸ್ ಹಾಕಲ್ಲ."

ಗೌಡರು ಆಮೇಲೆ ಏನೂ ಹೇಳಲಿಲ್ಲ. ಒಂದು ವರ್ಷದ ಖರ್ಚು, ತಯಾರಿ ಎಲ್ಲ ಅಲ್ಲಿ ಇಟ್ಟಿಗೆಯ ಮೇಲೆ ನಿಂತಿತ್ತು. ಭಾನುವಾರ ಮದ್ರಾಸಿನಲ್ಲಿ ಅಂಗಡಿ ತೆರೆದಿರುವುದಿಲ್ಲ. ಬೇರೆ ತಂಡದವರ ಹತ್ತಿರ ಕೇಳಿದರೆ ಅವರಲ್ಲಿ ಬೇರಿಂಗು, ಬೆಲ್ಟು, ಪ್ಲಗ್ಗು ಇತ್ತು, ಆಕ್ಸಲ್ ಯಾರೂ ಹೊತ್ತು ತಂದಿರಲಿಲ್ಲ. ಆಗ ಚಾಚಾ ನನ್ನನ್ನು ಕರೆದುಕೊಂಡು ನೋಡುಗರು ಕಾರು ನಿಲ್ಲಿಸುವ ಬಯಲಿಗೆ ಹೋದರು. ಬೆಳಗಿನ ಒಂಬತ್ತಕ್ಕೆಲ್ಲ ಅಲ್ಲಿ ಸಾಲುಸಾಲು ಫಿಯೆಟ್‌ಗಳು ಬಂದು ನಿಂತಿದ್ದವು. ನನಗೆ ಇನ್ನೂ ಅರ್ಥವಾಗಿರಲಿಲ್ಲ.

ಮೂವರು ಬೈದು ಕಳಿಸಿದರು. ನಾಲ್ಕನೆಯವರು ಮೈಲಾಪುರದ ಡಾಕ್ಟರು, ಹಣೆಯ ಮೇಲೆ ವಿಭೂತಿ, ಜೊತೆಗೆ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಚಾಚಾ ಶಿವಾಜಿನಗರದ ತಮಿಳಿನಲ್ಲಿ ವಿಷಯ ಹೇಳಿ, ಬಿರುಕು ಬಿಟ್ಟ ಆಕ್ಸಲನ್ನು ಅವರ ಕೈಗೇ ಕೊಟ್ಟರು. ಡಾಕ್ಟರು ಕನ್ನಡಕ ಎತ್ತಿ ಆ ಕಪ್ಪು ಗೆರೆಯನ್ನು ಎಕ್ಸ್‌ರೇ ನೋಡುವಂತೆ ಬಿಸಿಲಿಗೆ ಹಿಡಿದು ನೋಡಿದರು.

"ನನ್ನದನ್ನ ಬಿಚ್ಚಿಕೊಟ್ಟರೆ ನಾನು ಮನೆಗೆ ಹೇಗಪ್ಪಾ ಹೋಗೋದು?"

"ರೇಸು ಮುಗಿದ ಮೇಲೆ ನಿಮ್ಮದು ನಿಮಗೇ ಹಾಕಿ ಕೊಡ್ತೀನಿ ಸಾರ್. ಅಲ್ಲಿವರೆಗೂ ಇವನು ನಿಮ್ಮ ಹತ್ರ ಇರ್ತಾನೆ. ನನ್ನ ಅಣ್ಣನ ಮಗ."

ಹೀಗೆ ನಾನು ಒಂದು ಸ್ಟಬ್ ಆಕ್ಸಲಿಗೆ ಅಡವು ಬಿದ್ದೆ. ಡಾಕ್ಟರು ಯಾಕೆ ಒಪ್ಪಿದರೋ ಇವತ್ತಿಗೂ ನನಗೆ ಗೊತ್ತಿಲ್ಲ. ಹೆಂಡತಿ ಬೇಡವೆಂದು ಕಣ್ಸನ್ನೆ ಮಾಡಿದ್ದನ್ನು ನಾನು ನೋಡಿದೆ. ಗುರುತಿಲ್ಲದ ಊರಿನ, ಗುರುತಿಲ್ಲದ ಜಾತಿಯ, ಕೈಯೆಲ್ಲ ಗ್ರೀಸಾದ ಮನುಷ್ಯನಿಗೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಕಾರಿನ ಮುಂಗಾಲನ್ನು ಬಿಚ್ಚಿ ಕೊಡುವುದು ಸಣ್ಣ ಮಾತಲ್ಲ. ರೋಗಿಗೆ ರಕ್ತ ಬೇಕೆಂದಾಗ ಕೇಳಿ ಕೇಳಿ ರೂಢಿಯಾಗಿತ್ತೋ ಏನೋ.

ಎರಡು ಗಂಟೆ ಕೆಲಸ. ಡಾಕ್ಟರ ಕಾರು ಎಡಗಡೆ ಕಲ್ಲಿನ ಮೇಲೆ ನಿಂತಿತು. ನಾವೆಲ್ಲ ಅದರ ನೆರಳಿನಲ್ಲಿ ಜಮಖಾನೆ ಹಾಸಿ ಕೂತೆವು. ಡಾಕ್ಟರ ಹೆಂಡತಿ ಮೊದಲು ನನ್ನ ಹೆಸರು ಕೇಳಿದರು, ಹೇಳಿದೆ. ಸ್ವಲ್ಪ ಸುಮ್ಮನಾದರು. ಆಮೇಲೆ ಬಾಳೆಲೆಯ ತುಂಡಿಗೆ ಪುಳಿಯೋಗರೆ, ಮೊಸರನ್ನ ಬಡಿಸಿ, "ಚೆನ್ನಾಗಿ ಊಟ ಮಾಡು ತಂಬಿ" ಎಂದರು. ದಾದಿ ಕೊಟ್ಟ ಮೊಟ್ಟೆಗಳು ನನ್ನ ಚೀಲದಲ್ಲಿದ್ದವು. ಅವನ್ನು ಹೊರಗೆ ತೆಗೆಯುವುದು ಸರಿಯಲ್ಲ ಎಂದು ನನಗೇ ಹೊಳೆಯಿತು. "ಆಕ್ಸಲ್ ವಾಪಸ್ ಬರಲಿಲ್ಲ ಅಂದ್ರೆ ಇವನನ್ನ ಮೈಲಾಪುರಕ್ಕೆ ಕರ್ಕೊಂಡು ಹೋಗಿ ಕಾಂಪೌಂಡರ್ ಮಾಡ್ತೀನಿ" ಎಂದು ಡಾಕ್ಟರು ನಗಾಡಿದರು. ನನಗೆ ನಗು ಬರಲಿಲ್ಲ.

ಅಲ್ಲಿಂದ ಟ್ರ್ಯಾಕು ಪೂರ್ತಿ ಕಾಣುತ್ತಿರಲಿಲ್ಲ. ಡಾಕ್ಟರು ನನ್ನನ್ನೂ ದೊಡ್ಡ ಮಗಳನ್ನೂ ಕಾರಿನ ಟಾಪಿನ ಮೇಲೆ ಹತ್ತಿಸಿದರು. ಮಧ್ಯಾಹ್ನದ ಬಿಸಿಲಿಗೆ ರನ್‌ವೇ ನೀರಿನಂತೆ ನಡುಗುತ್ತಿತ್ತು. ಬಾವುಟ ಬಿತ್ತು. ಮೊದಲು ಸದ್ದು ಬಂತು, ಆಮೇಲೆ ಆ ನಡುಗುವ ನೀರಿನಿಂದ ಕಾರುಗಳು ಒಂದೊಂದಾಗಿ ಎದ್ದು ಬಂದವು. ಮುಂದೆ ಕೊಯಮತ್ತೂರಿನದೊಂದು, ನಾಲ್ಕನೆಯದು ನಮ್ಮದು. ನೇರ ಓಟದಲ್ಲಿ ಎಲ್ಲ ಫಿಯೆಟ್ಟೂ ಒಂದೇ. ವ್ಯತ್ಯಾಸ ಕಾಣುವುದು ತಿರುವಿಗೆ ಮುಂಚೆ, ಯಾರು ಎಷ್ಟು ತಡವಾಗಿ ಬ್ರೇಕು ಒತ್ತುತ್ತಾರೆ ಎನ್ನುವುದರಲ್ಲಿ. ಗೌಡರು ತಡ ಮಾಡುತ್ತಿದ್ದರು. ಒಳಗಿನ ಹಿಂಗಾಲು ನೆಲ ಬಿಟ್ಟು ಏಳುತ್ತಿತ್ತು, ಹೊರಗಿನ ಮುಂಗಾಲಿನ ಮೇಲೆ, ಅಂದರೆ ಡಾಕ್ಟರ ಆಕ್ಸಲಿನ ಮೇಲೆ, ಇಡೀ ಕಾರು ಒರಗುತ್ತಿತ್ತು. ಅದನ್ನು ನೋಡಿದವರು ಡಾಕ್ಟರು ಮಾತ್ರ. ಪ್ರತಿ ತಿರುವಿಗೂ "ಮುರುಗಾ, ಮುರುಗಾ" ಎನ್ನುತ್ತಿದ್ದರು. ನಾನು ಬಾಯಲ್ಲೇ ಆಯತುಲ್ ಕುರ್ಸಿ ಓದುತ್ತಿದ್ದೆ.

ಐದನೇ ಸುತ್ತಿಗೆ ಬೇರೆಯವರ ಬ್ರೇಕುಗಳು ಕಾದು ಸೋತವು. ಒಂದು ಫಿಯೆಟ್ಟು ತಿರುವು ಬಿಟ್ಟು ನೇರವಾಗಿ ಡ್ರಮ್ಮುಗಳ ಸಾಲಿಗೆ ನುಗ್ಗಿತು. ನಮ್ಮದು ಮೂರನೆಯದಾಯಿತು, ಎಂಟನೇ ಸುತ್ತಿಗೆ ಎರಡನೆಯದು. ಡಾಕ್ಟರ ಮಗಳು "ನಮ್ಮ ಆಕ್ಸಲ್ ಮುಂದೆ ಬಂತು, ನಮ್ಮ ಆಕ್ಸಲ್!" ಎಂದು ಕೂಗಿದಳು. ಸುತ್ತಲಿನವರಿಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ಯಾರೋ ಕೇಳಿದರು, ಯಾರೋ ಹೇಳಿದರು, ಕಲ್ಲಿನ ಮೇಲೆ ನಿಂತ ಕಾರನ್ನು ನೋಡಲು ಜನ ಬಂದರು. ಕೊನೆಯ ಎರಡು ಸುತ್ತು ಆ ಮೂಲೆಯ ಜನವೆಲ್ಲ ಬೆಂಗಳೂರಿನ ಕಾರಿಗೆ ಕೂಗಿತು. ಕೊಯಮತ್ತೂರಿನ ಕಾರಿಗಿಂತ ಒಂದೇ ಒಂದು ಕಾರಿನ ಅಳತೆ ಹಿಂದೆ, ಎರಡನೆಯದಾಗಿ ಮುಗಿಸಿದೆವು.

ಚಾಚಾ ಬಹುಮಾನ ನೋಡಲು ನಿಲ್ಲಲಿಲ್ಲ. ಕಾರು ಬಂದ ಕೂಡಲೇ ಅದು ತಣ್ಣಗಾಗುವುದಕ್ಕೂ ಕಾಯದೆ ಜಾಕು ಹಾಕಿದರು. ಮಗ್ರಿಬ್ ಆದ ಮೇಲೂ ಪೆಟ್ರೊಮ್ಯಾಕ್ಸ್ ಬೆಳಕಿನಲ್ಲಿ ಕೆಲಸ ನಡೆಯಿತು. ಡಾಕ್ಟರ ಆಕ್ಸಲಿಗೂ ಸೀಮೆಎಣ್ಣೆ, ಸುಣ್ಣ ಹಚ್ಚಿ ನೋಡಿದರು, ಗೆರೆ ಇರಲಿಲ್ಲ. ಹಾಗೇ ಬಲಗಡೆಯದಕ್ಕೂ ಗ್ರೀಸು ತುಂಬಿ, ಬ್ರೇಕು ಹೊಂದಿಸಿ, ಎಡಕ್ಕೆ ಎಳೆಯುತ್ತಿದ್ದ ಸ್ಟೇರಿಂಗು ಸರಿಮಾಡಿದರು. ಡಾಕ್ಟರು ದುಡ್ಡು ಕೊಡಲು ಬಂದರು, ಚಾಚಾ ಗ್ರೀಸಿನ ಕೈ ತೋರಿಸಿದರು. ಗೌಡರು ಗೆದ್ದ ಕಪ್ಪನ್ನು ತಂದು ಡಾಕ್ಟರ ಚಿಕ್ಕ ಮಗಳ ಕೈಗೆ ಕೊಟ್ಟು ಸ್ವಲ್ಪ ಹೊತ್ತು ಹಿಡಿದುಕೊಳ್ಳಲು ಹೇಳಿದರು. ಅವಳು ಹಿಂದಕ್ಕೆ ಕೊಡಲು ಒಪ್ಪದೆ ಅತ್ತಳು.

ಮರುದಿನದ ಪತ್ರಿಕೆಯಲ್ಲಿ ಗೌಡರ ಹೆಸರು ಎರಡನೇ ಸಾಲಿನಲ್ಲಿತ್ತು. ಚಾಚಾನ ಹೆಸರು ಇರಲಿಲ್ಲ, ಇರುವ ಪದ್ಧತಿಯೂ ಇರಲಿಲ್ಲ. ಅವರಿಗೆ ಅದರ ಬಗ್ಗೆ ಬೇಸರವಿತ್ತೋ ಇಲ್ಲವೋ, ಹೇಳಿಕೊಳ್ಳುವ ಮನುಷ್ಯ ಅಲ್ಲ. ನನಗೆ ಮಾತ್ರ ಇದೆ. ಅಮೆರಿಕದ ವೆಂಡೆಲ್ ಸ್ಕಾಟ್ ಎಂಬ ಕರಿಯ ಚಾಲಕ ತನ್ನ ಕಾರಿನ ರಿಪೇರಿಯನ್ನು ತಾನೇ ಮಾಡಿಕೊಂಡು ಓಡುತ್ತಿದ್ದವನು. 1963ರ ಡಿಸೆಂಬರ್ 1ರಂದು ಜಾಕ್ಸನ್‌ವಿಲ್‌ನಲ್ಲಿ ಗೆದ್ದಾಗ ಬಾವುಟ, ಬಹುಮಾನವನ್ನು ಬಿಳಿಯ ಚಾಲಕನೊಬ್ಬನಿಗೆ ಕೊಟ್ಟರು. ಜನವೆಲ್ಲ ಮನೆಗೆ ಹೋದ ಮೇಲೆ ಲೆಕ್ಕ ತಪ್ಪಿತ್ತು ಎಂದು ಒಪ್ಪಿಕೊಂಡರು. ಆತ 1990ರಲ್ಲಿ ತೀರಿಕೊಂಡ. ಕುಟುಂಬದ ಕೈಗೆ ಆ ಗೆಲುವಿನ ಕಪ್ಪು ಸೇರಿದ್ದು 2021ರಲ್ಲಿ. ಚಾಚಾನದು ಅಂಥ ಅನ್ಯಾಯವಲ್ಲ, ಹೋಲಿಸುವುದೂ ಸರಿಯಲ್ಲ. ಆದರೂ ಆ ಸುದ್ದಿ ಓದಿದ ದಿನ ನನಗೆ ಜೆ.ಸಿ. ರಸ್ತೆಯ, ಕಲಾಸಿಪಾಳ್ಯದ ಉಸ್ತಾದರೆಲ್ಲ ನೆನಪಾದರು.

1990ರಲ್ಲಿ ಶ್ರೀಪೆರಂಬುದೂರಿನ ಹತ್ತಿರ ಇರುಂಗಾಟ್ಟುಕೋಟೈಯಲ್ಲಿ ನಿಜವಾದ ಟ್ರ್ಯಾಕು ಬಂತು. ಕೊಯಮತ್ತೂರಿನ ಕರಿವರ್ಧನ್ ಮಾರುತಿ ಇಂಜಿನ್ನಿನಲ್ಲಿ ಪುಟ್ಟ ರೇಸ್ ಕಾರುಗಳನ್ನು ಕಟ್ಟಿಸಿದರು. ಅಂಥ ಕಾರುಗಳಲ್ಲಿ ಕೈ ಪಳಗಿಸಿಕೊಂಡ ತಲೆಮಾರಿನಿಂದಲೇ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್ ಮುಟ್ಟಿದರು. ಅದನ್ನು ನೋಡಲು ಕರಿವರ್ಧನ್ ಇರಲಿಲ್ಲ. 1995ರಲ್ಲಿ ಚಿಕ್ಕ ವಿಮಾನವೊಂದರ ಅಪಘಾತದಲ್ಲಿ ತೀರಿಕೊಂಡಿದ್ದರು. ಹೊಸ ಟ್ರ್ಯಾಕಿನಲ್ಲಿ ಸುರಕ್ಷತೆ ಜಾಸ್ತಿ, ಒಳ್ಳೆಯದೇ. ಆದರೆ ಪಾರ್ಕಿಂಗಿನಲ್ಲಿ ನಿಂತ ಕಾರಿನ ಬಿಡಿಭಾಗ ಟ್ರ್ಯಾಕಿನ ಕಾರಿಗೆ ಹೊಂದುವ ಕಾಲ ಅಲ್ಲಿಗೆ ಮುಗಿಯಿತು.

ಕಾರ್ಬುರೇಟರು ಹೋಗಿ ಕಂಪ್ಯೂಟರು ಬಂದ ಮೇಲೆ ಚಾಚಾನ ಸ್ಕ್ರೂ ಡ್ರೈವರಿಗೆ ಕೇಳಿಸುವಂಥದ್ದು ಹೆಚ್ಚೇನೂ ಉಳಿಯಲಿಲ್ಲ. 2003ರಲ್ಲಿ ಗ್ಯಾರೇಜು ಖಾಲಿ ಮಾಡಿದರು. ಗುಜರಿಯವನು ಬಂದು ಸಾಮಾನನ್ನೆಲ್ಲ ತೂಕಕ್ಕೆ ಹಾಕುವಾಗ ಆ ಬಿರುಕು ಬಿಟ್ಟ ಆಕ್ಸಲನ್ನು ಮಾತ್ರ ತಕ್ಕಡಿಯಿಂದ ಎತ್ತಿ ಪಕ್ಕಕ್ಕೆ ಇಟ್ಟರು. "ಅದೂ ಕಬ್ಬಿಣವೇ ಅಲ್ವಾ ಭಾಯ್" ಎಂದ ಅವನು. ಚಾಚಾ ಉತ್ತರ ಕೊಡಲಿಲ್ಲ. ಅವರು ತೀರಿಕೊಂಡು ಈಗ ಹದಿನೈದು ವರ್ಷ ದಾಟಿದೆ. ಆಕ್ಸಲ್ ಅವರ ಮಗನ ಮನೆಯಲ್ಲಿದೆ. ಗಾಳಿಗೆ ಬಾಗಿಲು ಬಡಿಯದಂತೆ ಅಡ್ಡ ಇಡುತ್ತಾರೆ.